ಅರಳೆಯ ಹಾದಿ, ನೀರಿನ ಹಾದಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಗೆ ಮಲಪ್ರಭೆಯೇ ತಾಯಿ. ಖಾನಾಪುರದಾಚೆ ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಕಲ್ಲುಗುಡ್ಡವನ್ನು ಸೀಳಿಕೊಂಡು, ಮುನವಳ್ಳಿ, ತೊರಗಲ್ಲು, ರಾಮದುರ್ಗಗಳನ್ನು ಹಾಯ್ದು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಈ ಹೊಳೆಯು ಇಷ್ಟು ದೂರ ಹರಿದರೂ ಎಂದೂ ಸರಕಿನ ದಾರಿಯಾಗಲಿಲ್ಲ. ಮಳೆಗಾಲದಲ್ಲಿ ಹರಿಗೋಲಿನಲ್ಲಿ ಕುಳಿತು ದಾಟುವದು, ಬೇಸಿಗೆಯಲ್ಲಿ ಬತ್ತಿದ ಪಾತ್ರದಲ್ಲಿ ಗಾಡಿ ಹೊಡೆದುಕೊಂಡು ಹೋಗುವದು, ಇವೇ ಹಿಂದಿನವರಿಗೆ ಈ ಹೊಳೆಯ ಮೇಲಿನ ಪ್ರಯಾಣಗಳಾಗಿದ್ದವು. ಹೀಗಿದ್ದರೂ ಸಾವಿರಾರು ಮೈಲು ದೂರದ ಉತ್ತರ ಇಂಗ್ಲಂಡದ ಜಲಮಾರ್ಗಗಳ ಚರಿತ್ರೆಯೊಡನೆ ಈ ಸೀಮೆಯ ಚರಿತ್ರೆಯು ಒಂದು ಕಾಲಕ್ಕೆ ಹೆಣೆದುಕೊಂಡಿತ್ತು. ಅಲ್ಲಿಯ ಕಾಲುವೆಗಳಲ್ಲಿ ಈಗ ಜನರು ವಿನೋದಕ್ಕಾಗಿ ದೋಣಿ ನಡೆಸುತ್ತಾರೆ. ಕನ್ನಡನಾಡಿನವರು ಯಾರಾದರೂ ಅಂಥ ಯಾತ್ರೆಯನ್ನು ಸಂಕಲ್ಪಿಸಿದರೆ, ಆ ನೀರಿನ ಹಾದಿಗೂ ಬೈಲಹೊಂಗಲದ ಅರಳೆಯ ಹಾದಿಗೂ ಇದ್ದ ನಂಟನ್ನು ತಿಳಿದು ಹೊರಡುವದು ಒಳಿತು.

ಮೊದಲು ಆ ಕಾಲುವೆಗಳ ಉತ್ಪತ್ತಿಯನ್ನು ನೋಡಬೇಕು. ಅವುಗಳನ್ನು ಹೊಲಗಳಿಗೆ ನೀರುಣಿಸಲೆಂದು ತೋಡಿದ್ದಲ್ಲ. ಸರಕು ಸಾಗಿಸಲೆಂದೇ ತೋಡಿದ್ದು. ಬ್ರಿಜ್‌ವಾಟರದ ಡ್ಯೂಕನೆಂಬ ಜಮೀನುದಾರನು ವರ್ಸ್ಲಿಯಲ್ಲಿಯ ತನ್ನ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಕ್ಕೆ ಒಯ್ಯುವದಕ್ಕಾಗಿ ಜೇಮ್ಸ್ ಬ್ರಿಂಡ್ಲಿಯೆಂಬ ಕುಶಲನ ನೆರವಿನಿಂದ ಕಾಲುವೆಯೊಂದನ್ನು ಮಾಡಿಸಿದನು. ಅದು ೧೭೬೧ರಲ್ಲಿ ಬಳಕೆಗೆ ಬಂದ ಮೇಲೆ ಆ ಪಟ್ಟಣದಲ್ಲಿ ಕಲ್ಲಿದ್ದಲಿನ ಧಾರಣೆಯು ಬಹಳವಾಗಿ ಇಳಿಯಿತು. ಇದನ್ನು ಕಂಡು ದೇಶದ ತುಂಬ ಕಾಲುವೆ ಕಡಿಯುವ ಹುಮ್ಮಸವು ಹಬ್ಬಿತು. ೧೭೭೦ರಲ್ಲಿ ಲೀಡ್ಸ್ ಮತ್ತು ಲಿವರಪೂಲ ಪಟ್ಟಣಗಳನ್ನು ಜೋಡಿಸುವ ಕಾಲುವೆಗೆ ಪಾರ್ಲಿಮೆಂಟಿನ ಅಪ್ಪಣೆ ದೊರೆಯಿತು. ೧೨೭ ಮೈಲು ಉದ್ದದ ಆ ಕಾಲುವೆಯು ಪೂರ್ತಿಯಾದದ್ದು ೧೮೧೬ರಲ್ಲಿ; ಎಂದರೆ ೪೬ ವರುಷಗಳ ತರುವಾಯ.

ನಡುವೆ ಪೆನೈನ್ ಎಂಬ ಗುಡ್ಡಗಳ ಸಾಲು ಅಡ್ಡ ಬರುತ್ತದೆ. ನೀರು ಗುಡ್ಡ ಹತ್ತಲಾರದು. ಆದುದರಿಂದ ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಈ ಮೆಟ್ಟಿಲಿಗೆ ಲಾಕು ಎಂದು ಹೆಸರು. ಕಲ್ಲಿನಿಂದ ಕಟ್ಟಿದ ಹೊಂಡಕ್ಕೆ ಮೇಲೊಂದು, ಕೆಳಗೊಂದು ಬಾಗಿಲು. ದೋಣಿಯು ಕೆಳಗಿನಿಂದ ಒಳಹೊಕ್ಕ ಮೇಲೆ ಕೆಳಬಾಗಿಲನ್ನು ಮುಚ್ಚಿ, ಮೇಲಿನ ನೀರನ್ನು ಹೊಂಡದೊಳಗೆ ಬಿಟ್ಟರೆ ನೀರಿನೊಡನೆ ದೋಣಿಯೂ ಏರುವದು. ಆಗ ಮೇಲ್ಬಾಗಿಲನ್ನು ತೆರೆದು ಮುಂದೆ ಸಾಗಬೇಕು. ಇಂಥ ೯೧ ಲಾಕುಗಳು ಈ ಕಾಲುವೆಯಲ್ಲಿವೆ. ಬಿಂಗ್ಲಿ ಎಂಬಲ್ಲಿ ಐದು ಲಾಕುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ದೋಣಿಯನ್ನು ಸುಮಾರು ೬೦ ಅಡಿ ಎತ್ತುತ್ತವೆ. ೧೭೭೪ರಲ್ಲಿ ತೆರೆದ ಈ ಸೋಪಾನವು ಇಂದಿಗೂ ನಡೆಯುತ್ತಿದೆ. ಗುಡ್ಡದ ನೆತ್ತಿಯಲ್ಲಿ ಕಾಲುವೆಯು ಸಮುದ್ರಮಟ್ಟದಿಂದ ೪೮೭ ಅಡಿ ಎತ್ತರದಲ್ಲಿದೆ. ಪ್ರತಿಯೊಂದು ದೋಣಿ ದಾಟುವಾಗಲೂ ಒಂದು ಹೊಂಡದ ನೀರು, ಎಂದರೆ ಎರಡು ಲಕ್ಷ ಲೀಟರಿಗೂ ಮಿಕ್ಕಿದ ನೀರು, ಮೇಲಿನಿಂದ ಕೆಳಗೆ ಇಳಿದುಹೋಗುವದು. ಅದನ್ನು ತುಂಬಿಕೊಡಲೆಂದು ಗುಡ್ಡದ ಮೇಲೆ ಕೆರೆಗಳನ್ನು ಕಟ್ಟಬೇಕಾಯಿತು. ಹೀಗೆ ಆ ಹಾದಿಯ ಪ್ರಾಣವೆಲ್ಲ ನೆತ್ತಿಯ ಕೆರೆಗಳಲ್ಲಿಯೇ ಇದೆ.

ಇನ್ನು ಮಲಪ್ರಭೆಯ ಕಡೆಗೆ ತಿರುಗಬಹುದು. ಕಿತ್ತೂರಿನ ಕಾಳಗವು ೧೮೨೪ರಲ್ಲಿ ನಡೆಯಿತು. ಸೆರೆಯಾದ ಚೆನ್ನಮ್ಮ ರಾಣಿಯು ಬೈಲಹೊಂಗಲದಲ್ಲಿ ೧೮೨೯ರಲ್ಲಿ ದೇಹವಿಟ್ಟಳು. ಸಂಸ್ಥಾನವು ಕಂಪನಿಯ ವಶವಾದ ಬಳಿಕ ಆಂಗ್ಲರ ಕಣ್ಣು ಈ ಭಾಗದ ಎರೆಭೂಮಿಯ ಮೇಲೆ ಬಿದ್ದಿತು. ೧೮೪೦ರಲ್ಲಿ ಕಂಪನಿಯವರು ಅಮೇರಿಕೆಯಿಂದ ಹತ್ತಿ ಬೆಳೆಯಬಲ್ಲವರನ್ನು ಹಿಂದುಸ್ಥಾನಕ್ಕೆ ಕರೆಯಿಸಿದರು. ಆ ದೇಶದ ಬೀಜವು ಅನೇಕ ಪ್ರಾಂತಗಳಲ್ಲಿ ಬಿದ್ದುಹೋದರೂ ಧಾರವಾಡದ ಸೀಮೆಯಲ್ಲಿ ಬೇರೂರಿತು. ಲಿವರಪೂಲದ ಪೇಟೆಯಲ್ಲಿ ಅದಕ್ಕೆ ಧಾರವಾಡವೆಂದೂ, ಇಲ್ಲಿಯ ಮೂಲದ ಹತ್ತಿಗೆ ಕುಮಟಾ ಎಂದೂ ಹೆಸರು ಬಿದ್ದಿತು. ಕುಮಟೆಯಲ್ಲಿ ಹತ್ತಿಯ ಬೆಳೆಯೇ ಇಲ್ಲ. ಅದು ಹಡಗಿಗೆ ಏರಿಸುವ ಬಂದರು ಮಾತ್ರ. ಎರೆಹೊಲದಲ್ಲಿ ದುಡಿದ ಒಕ್ಕಲಿಗನ ಊರಿನ ಹೆಸರು ಹಾದಿಯಲ್ಲಿಯೇ ಕಳೆದುಹೋಗಿ, ಬಂದರದ ಹೆಸರೊಂದೇ ಕಡಲು ದಾಟಿತು.

ಆ ಹಾದಿಯಾದರೂ ಎಂಥದು? ಬೈಲಹೊಂಗಲದಿಂದ ಧಾರವಾಡ, ಹುಬ್ಬಳ್ಳಿ, ಶಿರಸಿಗಳ ಮೇಲಿಂದ ಘಟ್ಟವಿಳಿದು ಕುಮಟೆಯನ್ನು ಮುಟ್ಟಲು ಸುಮಾರು ೧೨೫ ಮೈಲು. ಲೀಡ್ಸ್‌ದಿಂದ ಲಿವರಪೂಲಕ್ಕೆ ಇರುವದೂ ಹೆಚ್ಚುಕಡಿಮೆ ಅಷ್ಟೇ ದೂರ! ಆದರೆ ಇಲ್ಲಿ ಮೊದಲು ಹೇರಿನ ಎತ್ತುಗಳು, ರಸ್ತೆಗಳಾದ ಮೇಲೆ ಗಾಡಿಗಳು. ಅಲ್ಲಿ ದಂಡೆಯ ಮೇಲೆ ನಡೆಯುವ ಕುದುರೆಯೊಂದು ಎಳೆಯುವ ದೋಣಿ. ಅಲ್ಲಿಯ ಒಂದು ದೋಣಿಯು ಸುಮಾರು ೪೫ ಟನ್ನು ಭಾರ ಹೊರುತ್ತಿತ್ತು. ಗಾಡಿಯೊಂದಕ್ಕೆ ಅರ್ಧ ಟನ್ನೆಂದು ಹಿಡಿದರೂ, ಒಂದು ಕುದುರೆ ಎಳೆದಷ್ಟನ್ನು ಒಯ್ಯಲು ಇಲ್ಲಿ ೯೦ ಗಾಡಿಗಳೂ ೧೮೦ ಎತ್ತುಗಳೂ ಬೇಕಾಗುತ್ತಿದ್ದವು. ಮಳೆ ಹಿಡಿದರೆ ಎರೆಮಣ್ಣಿನಲ್ಲಿ ಗಾಲಿಯು ಅಚ್ಚಿನವರೆಗೆ ಹೂತುಹೋಗುವದು. ಅರಳೆಯ ಅಂಡಿಗೆಗಳು ಧೂಳು ತಿಂದು, ತೊಯ್ದು, ಬಂದರವನ್ನು ಸೇರುವಷ್ಟರಲ್ಲಿ ಮಾಲಿನ ಮಾನವೂ ಕೆಡುವದು, ಬೆಲೆಯೂ ಕೆಡುವದು.

೧೮೬೧ರಲ್ಲಿ ಅಮೇರಿಕೆಯ ಅಂತಃಕಲಹವು ಆರಂಭವಾಗಿ ಅಲ್ಲಿಯ ದಕ್ಷಿಣದ ಬಂದರುಗಳು ಮುಚ್ಚಿದವು. ಲ್ಯಾಂಕಾಶಾಯರ ಪ್ರಾಂತದ ಗಿರಣಿಗಳಿಗೆ ಹತ್ತಿಯಿಲ್ಲದಂತಾಯಿತು. ಕಾಲುವೆಯ ದಂಡೆಯ ಮೇಲಿನ ಬ್ಲ್ಯಾಕಬರ್ನ್, ವಿಗನ್ ಮೊದಲಾದ ಊರುಗಳಲ್ಲಿ ಕೂಲಿಕಾರರು ಉಪವಾಸ ಬಿದ್ದರು. ೧೮೬೨ರ ಕೊನೆಗೆ ಆ ಸೀಮೆಯಲ್ಲಿ ಸುಮಾರು ಐದು ಲಕ್ಷ ಜನರು ದಾನದ ಅನ್ನದಿಂದ ಬದುಕುವ ಪ್ರಸಂಗ ಬಂದಿತು. ಆಗ ಮ್ಯಾಂಚೆಸ್ಟರದ ವ್ಯಾಪಾರಿಗಳು ಧಾರವಾಡದ ಹತ್ತಿಗಾಗಿ ಹಂಬಲಿಸಿದರು. ಕಾರವಾರದಲ್ಲಿ ಒಳ್ಳೆಯ ಬಂದರವನ್ನೂ ಅಲ್ಲಿಗೆ ಘಟ್ಟದ ರಸ್ತೆಯನ್ನೂ ಮಾಡಿಕೊಡಬೇಕೆಂದು ಸರಕಾರದ ಬೆನ್ನು ಹತ್ತಿದರು. ಆವರೆಗೆ ಮದ್ರಾಸ ಇಲಾಖೆಯಲ್ಲಿದ್ದ ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮುಂಬಯಿ ಇಲಾಖೆಗೆ ಸೇರಿದುದಕ್ಕೆ ಈ ಹತ್ತಿಯ ಒತ್ತಾಯವೂ ಒಂದು ಕಾರಣ. ಇಲ್ಲಿಯೂ ಧಾರಣೆಯು ಹಿಂದೆಂದೂ ಕಾಣದಷ್ಟು ಏರಿತು. ಆದರೆ ಹಿಂದುಸ್ಥಾನದ ಹತ್ತಿಯ ಎಳೆಯು ಗಿಡ್ಡು, ಕಸವೂ ಬಹಳ. ಅದನ್ನು ನೂಲುವದರಲ್ಲಿ ಅಲ್ಲಿಯ ಕೂಲಿಕಾರರು ಬೇಸತ್ತರು. ೧೮೬೫ರಲ್ಲಿ ಅಮೇರಿಕೆಯ ಯುದ್ಧವು ಮುಗಿಯುತ್ತಲೇ ಗಿರಾಕಿಗಳು ತಮ್ಮ ಹಳೆಯ ಅಂಗಡಿಗೆ ತಿರುಗಿದರು. ಮುಂಬಯಿಯ ಪೇಟೆಯು ಕುಸಿಯಿತು. ಎರಡು ದೇಶಗಳ ಬಡವರು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ನೂಲಿನಿಂದ ಕಟ್ಟಿಸಿಕೊಂಡಿದ್ದರು. ಅದು ಹರಿದಾಗ ಇಬ್ಬರಿಗೂ ಪೆಟ್ಟು ಬಿದ್ದಿತು.

ಈ ದೇಶದಲ್ಲಿಯೂ ಕಾಲುವೆಗಳಲ್ಲಿ ದೋಣಿ ನಡೆಸಬೇಕೆಂದು ಬಲವಾಗಿ ವಾದಿಸಿದವರಲ್ಲಿ ಸರ್ ಆರ್ಥರ್ ಕಾಟನ್‌ನು ಮುಖ್ಯನು. ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿದವನು ಅವನೇ. ಅಲ್ಲಿಯ ಕಾಲುವೆಗಳು ಗದ್ದೆಗೆ ನೀರುಣಿಸುವದರ ಜೊತೆಗೆ ದೋಣಿಗಳನ್ನೂ ಹೊತ್ತವು. ರೈಲಿನ ಹಳಿಗೆ ಸುರಿಯುವ ಹಣವನ್ನು ಕಾಲುವೆಗಳಿಗೆ ಹಾಕಿದರೆ ಬರಗಾಲವೂ ನೀಗುವದು, ಸಾಗಾಣಿಕೆಯೂ ಅಗ್ಗವಾಗುವದು ಎಂಬುದು ಅವನ ಮತ. ಹಿಂದುಸ್ಥಾನದ ನದಿಗಳನ್ನೆಲ್ಲ ಜಲಮಾರ್ಗಗಳಿಂದ ಜೋಡಿಸುವ ಅವನ ಮಹಾಯೋಜನೆಯಲ್ಲಿ ತುಂಗಭದ್ರೆಯ ಗುಂಟ ಮೇಲೇರಿ ಕಾರವಾರದ ಕಡಲನ್ನು ಮುಟ್ಟುವ ಮಾರ್ಗವೂ ಒಂದಾಗಿತ್ತು. ಅದು ಆಗಿದ್ದರೆ ಈ ಸೀಮೆಯ ಅಂಡಿಗೆಗಳು ಧಾರವಾಡದ ದಕ್ಷಿಣಕ್ಕೆ ಸ್ವಲ್ಪ ದೂರ ಗಾಡಿಯಲ್ಲಿ ಹೋಗಿ, ಮುಂದೆ ದೋಣಿಯಲ್ಲಿ ಕಡಲಿಗೆ ಇಳಿಯಬಹುದಾಗಿತ್ತು.

ಆಗಲಿಲ್ಲ. ಏಕೆ ಆಗಲಿಲ್ಲವೆಂಬುದಕ್ಕೆ ಪೆನೈನ್ ಗುಡ್ಡಗಳ ಲೆಕ್ಕವೇ ಉತ್ತರ ಕೊಡುವದು. ಅಲ್ಲಿ ಏರಬೇಕಾದದ್ದು ೪೮೭ ಅಡಿ. ಕಾರವಾರದ ಕಡೆಗೆ ಸಹ್ಯಾದ್ರಿಯ ನೆತ್ತಿಯಲ್ಲಿರುವ ಯಲ್ಲಾಪುರವು ಸಮುದ್ರದಿಂದ ಸುಮಾರು ೧೮೦೦ ಅಡಿ ಮೇಲಿದೆ. ಲಾಕಿಗೆ ಹತ್ತು ಅಡಿಯಂತೆ ಹಿಡಿದರೆ ಘಟ್ಟದ ಒಂದೇ ಮಗ್ಗುಲಿಗೆ ೧೮೦ ಲಾಕುಗಳು ಬೇಕು. ಅವುಗಳಿಗೆಲ್ಲ ನೆತ್ತಿಯಲ್ಲಿ ವರುಷವಿಡೀ ನೀರು ಬೇಕು. ಇಲ್ಲಿಯ ಹೊಳೆಗಳಾದರೋ ಆಷಾಢ ಶ್ರಾವಣಗಳಲ್ಲಿ ದಂಡೆ ಮೀರಿ, ವೈಶಾಖದಲ್ಲಿ ಬಂಡೆ ತೋರಿಸುವಂಥವು. ತುಂಗಭದ್ರೆಯ ಕೆಳಪಾತ್ರದಲ್ಲಿ ಕಾಟನ್ನನ ಮತದಂತೆ ಪ್ರಯೋಗವೊಂದು ನಡೆದದ್ದುಂಟು. ೧೮೫೮ರಲ್ಲಿ ಸ್ಥಾಪನೆಯಾದ ಮದ್ರಾಸ ನೀರಾವರಿ ಕಂಪನಿಯು ಸುಂಕೇಶುಲದಿಂದ ಕಡಪೆಯ ಕಡೆಗೆ ಸುಮಾರು ೧೯೦ ಮೈಲಿನ ಕರ್ನೂಲ ಕಾಲುವೆಯನ್ನು ಲಾಕುಗಳ ಸಹಿತವಾಗಿ ತೋಡಿತು. ದೋಣಿಯ ವ್ಯಾಪಾರವು ಬೆಳೆಯಲಿಲ್ಲ. ಹಾಕಿದ ಬಂಡವಾಳವು ಹುಟ್ಟಲಿಲ್ಲ. ೧೮೮೨ರಲ್ಲಿ ಸರಕಾರವೇ ಕಾಲುವೆಯನ್ನು ಕೊಂಡುಕೊಂಡಿತು. ನಡುವೆ ೧೮೭೬ರಿಂದ ೧೮೭೮ರ ವರೆಗಿನ ಘೋರ ಬರಗಾಲವು ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಸುಟ್ಟಿತು. ೧೮೭೮ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಕಾಟನ್ನನು ತನ್ನ ವಾದವನ್ನು ಮತ್ತೊಮ್ಮೆ ಮಂಡಿಸಿದರೂ ಜಯವು ರೈಲಿಗೇ ಆಯಿತು. ೧೮೮೦ರ ದಶಕದಲ್ಲಿ ಧಾರವಾಡ, ಬೆಳಗಾವಿಗಳಿಗೆ ಹಳಿ ಬಂದಿತು. ಆ ಹಳಿಯಾದರೂ ಬೈಲಹೊಂಗಲವನ್ನಾಗಲಿ, ಕಿತ್ತೂರನ್ನಾಗಲಿ, ಸವದತ್ತಿ ರಾಮದುರ್ಗಗಳನ್ನಾಗಲಿ ಮುಟ್ಟಲಿಲ್ಲ. ಇಲ್ಲಿಯ ಅರಳೆಗೆ ಎತ್ತಿನ ಗಾಡಿಯೇ ಗತಿಯಾಯಿತು.

ಇಂಗ್ಲಂಡದಲ್ಲಿಯೂ ರೈಲು ಕಾಲುವೆಗಳ ಬೆನ್ನು ಮುರಿಯಿತು. ಮ್ಯಾಂಚೆಸ್ಟರ-ಲಿವರಪೂಲ ರೈಲು ೧೮೩೦ರಲ್ಲಿ ಆರಂಭವಾದಂದಿನಿಂದ ದೋಣಿಗಳಿಗೆ ಇಳಿಗಾಲ. ಹಡರ್ಸ್‌ಫೀಲ್ಡ್ ಕಾಲುವೆಯನ್ನು ೧೯೪೪ರಲ್ಲಿಯೂ ರಾಚಡೇಲ್ ಕಾಲುವೆಯನ್ನು ೧೯೫೨ರಲ್ಲಿಯೂ ಕೈಬಿಟ್ಟರು. ಆದರೆ ೧೯೪೬ರಲ್ಲಿ ಜಲಮಾರ್ಗಗಳ ಅಭಿಮಾನಿಗಳು ಸಂಘ ಕಟ್ಟಿಕೊಂಡು, ಹೂಳು ತೆಗೆದು, ಬಾಗಿಲು ಕೂಡಿಸಿ, ದಶಕಗಳ ವರೆಗೆ ದುಡಿದರು. ಹಡರ್ಸ್‌ಫೀಲ್ಡ್ ಕಾಲುವೆಯು ೨೦೦೧ರಲ್ಲಿ, ರಾಚಡೇಲ್ ೨೦೦೨ರಲ್ಲಿ ಪುನಃ ತೆರೆದವು. ಲೀಡ್ಸ್-ಲಿವರಪೂಲ ಕಾಲುವೆಯು ಮಾತ್ರ ಎಂದೂ ಪೂರ್ತಿ ಮುಚ್ಚಲಿಲ್ಲ; ೧೯೭೨ರ ವರೆಗೂ ವಿಗನ್ನಿನ ವಿದ್ಯುದಾಗಾರಕ್ಕೆ ಅದರ ಮೇಲೆ ಕಲ್ಲಿದ್ದಲು ಹೋಗುತ್ತಿತ್ತು.

ಈ ಕಾಲುವೆಯ ಯಾತ್ರೆಯನ್ನು ಸಂಕಲ್ಪಿಸುವವನು ಮೈಲುಗಳನ್ನಷ್ಟೇ ಎಣಿಸಿದರೆ ಸಾಲದು, ಲಾಕುಗಳನ್ನೂ ಎಣಿಸಬೇಕು. ತಾಸಿಗೆ ನಾಲ್ಕು ಮೈಲಿಗಿಂತ ವೇಗವಾಗಿ ಹೋಗಕೂಡದೆಂಬ ನಿಯಮವಿದೆ. ನಿಜವಾಗಿ ಸಾಗುವದು ಮೂರೇ ಮೈಲು. ೧೨೭ ಮೈಲಿಗೆ ೪೨ ತಾಸು. ಲಾಕಿಗೆ ಕಾಲು ತಾಸಿನಂತೆ ೯೧ ಲಾಕುಗಳಿಗೆ ೨೩ ತಾಸು. ಒಟ್ಟು ೬೫ ತಾಸು. ದಿನಕ್ಕೆ ಆರೂವರೆ ತಾಸು ನಡೆದರೆ ಹತ್ತು ದಿನ ಹಿಡಿಯುವದು. ಅಷ್ಟು ಬಿಡುವಿಲ್ಲದವರಿಗೆ ಬಿಂಗ್ಲಿಯ ಸೋಪಾನದಿಂದ ಸ್ಕಿಪ್ಟನ್ ಊರಿನ ಮೇಲೆ ಗಾರ್ಗ್ರೇವದ ವರೆಗೆ ಲಾಕಿಲ್ಲದ ೧೭ ಮೈಲುಗಳ ಹಾದಿಯು ಸುಖಕರವಾದದ್ದು. ದೋಣಿಯನ್ನು ಬಾಡಿಗೆಗೆ ಹಿಡಿಯುವಾಗ ಅದರ ಉದ್ದವನ್ನು ನೋಡಬೇಕು. ಇಲ್ಲಿಯ ಅನೇಕ ಲಾಕುಗಳನ್ನು ೬೨ ಅಡಿಯ ದೋಣಿಗಳಿಗೆಂದು ಕಟ್ಟಿದ್ದಾರೆ. ಕಾಲವನ್ನೂ ನೋಡಬೇಕು, ಮಳೆ ಕಡಿಮೆಯಾದ ೨೦೧೦ರ ಬೇಸಿಗೆಯಲ್ಲಿ ನೆತ್ತಿಯ ಕೆರೆಗಳು ಬತ್ತಿ, ಕಾಲುವೆಯ ಬಹುಭಾಗವನ್ನು ಮುಚ್ಚಬೇಕಾಗಿತ್ತು. ಬ್ಲ್ಯಾಕಬರ್ನ್, ಬರ್ನ್ಲಿಗಳ ದಂಡೆಯಲ್ಲಿ ಹಳೆಯ ಗಿರಣಿಗಳೂ ಉಗ್ರಾಣಗಳೂ ಕಾಣಿಸುವವು. ಲಿವರಪೂಲದಲ್ಲಿಳಿದ ಅರಳೆಯು ರೈಲಿನಿಂದಲೂ ದೋಣಿಯಿಂದಲೂ ಇಂಥ ಗಿರಣಿಗಳಿಗೇ ಹೋಗುತ್ತಿತ್ತು. ಮಲಪ್ರಭೆಯ ಸೀಮೆಯವರು ಅಲ್ಲಿ ದೋಣಿಯನ್ನು ಅರೆಗಳಿಗೆ ನಿಲ್ಲಿಸಿದರೆ ಅದು ವ್ಯರ್ಥವಾದ ಹೊತ್ತೆನಿಸದು.

ವಿಗನ್ನಿಗೆ ಕೊನೆಯ ಕಲ್ಲಿದ್ದಲಿನ ದೋಣಿಗಳು ಹೋದ ದಿನಗಳಲ್ಲಿಯೇ, ೧೯೭೦ರ ದಶಕದ ಆರಂಭದಲ್ಲಿ, ನವಿಲುತೀರ್ಥದ ಕಂದರಕ್ಕೆ ಅಣೆಕಟ್ಟು ಬಿದ್ದು ರೇಣುಕಾಸಾಗರವು ತುಂಬಿತು. ಅದರ ಕಾಲುವೆಗಳು ಸವದತ್ತಿ, ರಾಮದುರ್ಗ, ನವಲಗುಂದ, ನರಗುಂದಗಳ ಎರೆಹೊಲಗಳಿಗೆ ಇಳಿದವು. ಅವುಗಳಲ್ಲಿ ಲಾಕಿಲ್ಲ, ದೋಣಿಯಿಲ್ಲ. ನೀರೇ ಅವುಗಳ ಸರಕು. ಆ ನೀರಿನ ಲೆಕ್ಕವೂ ಸುಲಭವಾದದ್ದಲ್ಲ. ನೀರು ಸರಿಯಾಗಿ ಮುಟ್ಟುವ ಮೊದಲೇ ಕರವು ಬಂದಿತೆಂದು ೧೯೮೦ರ ಜುಲೈದಲ್ಲಿ ನರಗುಂದ, ನವಲಗುಂದಗಳ ರೈತರು ಎದ್ದರು. ಗುಂಡಿಗೆ ಜೀವಗಳೂ ಹೋದವು. ಹುಬ್ಬಳ್ಳಿ-ಧಾರವಾಡಗಳ ಬಾಯಾರಿಕೆಯೂ ಇದೇ ಸಾಗರದ ಮೇಲಿದೆ. ದೋಣಿಯೊಂದನ್ನು ಹತ್ತು ಅಡಿ ಏರಿಸಲು ಎರಡು ಲಕ್ಷ ಲೀಟರು ನೀರನ್ನು ಕೆಳಗೆ ಬಿಡುವ ಔದಾರ್ಯವು ಈ ಹೊಳೆಗೆ ಹಿಂದೆಯೂ ಇರಲಿಲ್ಲ, ಇಂದಿಗೂ ಇಲ್ಲ.

ಅಲ್ಲಿಯ ಕಾಲುವೆಯು ನೂರೈವತ್ತು ವರುಷ ದುಡಿದು, ಈಗ ವಿಶ್ರಾಂತಿಯಲ್ಲಿದೆ. ಆ ದುಡಿತದಲ್ಲಿ ಬೈಲಹೊಂಗಲ, ಸವದತ್ತಿಗಳ ಎತ್ತುಗಳ ಪಾಲೂ ಇತ್ತು. ಇಲ್ಲಿಯ ಕಾಲುವೆಯು ಇನ್ನೂ ದುಡಿಯುತ್ತಿದೆ. ಈ ಎರಡನ್ನೂ ಬಲ್ಲವನು ಬಿಂಗ್ಲಿಯ ಲಾಕಿನ ಬಾಗಿಲಿಗೆ ಹೆಗಲು ಕೊಟ್ಟು ನಿಂತಾಗ, ಒಳಗೆ ಭೋರೆಂದು ಸುರಿಯುವ ನೀರಿನ ಬೆಲೆಯನ್ನು ಉಳಿದ ಪ್ರವಾಸಿಗಳಿಗಿಂತ ಚೆನ್ನಾಗಿ ಅರಿಯುವನು.