ಬ್ರೂಕ್‌ಫೀಲ್ಡ್‌ನಿಂದ ಕನಕಪುರಕ್ಕೆ ಒಂದೇ ಚುಕ್ಕಿ

ಬೆಂಗಳೂರಿನ ಪೂರ್ವ ಅಂಚಿನ ಬ್ರೂಕ್‌ಫೀಲ್ಡ್ ಬಡಾವಣೆ ಇರುವುದು ಸರಿಸುಮಾರು 12 ಡಿಗ್ರಿ 58 ನಿಮಿಷ ಉತ್ತರ ಅಕ್ಷಾಂಶ, 77 ಡಿಗ್ರಿ 43 ನಿಮಿಷ ಪೂರ್ವ ರೇಖಾಂಶದಲ್ಲಿ. ಇದನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡ ಯಾರಾದರೂ ಮೊಬೈಲಿನ ನಕ್ಷೆಯಲ್ಲಿ 12.58, 77.43 ಎಂದು ಒತ್ತಿದರೆ, ನಕ್ಷೆ ಮರುಮಾತಿಲ್ಲದೆ ಒಂದು ಜಾಗವನ್ನು ತೋರಿಸುತ್ತದೆ. ಆದರೆ ಅದು ಬ್ರೂಕ್‌ಫೀಲ್ಡ್ ಅಲ್ಲ. ಅಲ್ಲಿಂದ 50 ಕಿ.ಮೀ.ಗೂ ಹೆಚ್ಚು ದೂರದ, ಕನಕಪುರ ಪಟ್ಟಣಕ್ಕೆ ತುಸು ಉತ್ತರದ ಒಂದು ತಾಣ. ಡಿಗ್ರಿಯ ಗುರುತು ಇರಬೇಕಾದ ಕಡೆ ಚುಕ್ಕಿ ಬಂದು ಕೂತದ್ದೇ ಇಷ್ಟಕ್ಕೆಲ್ಲ ಕಾರಣ. ಒಂದು ಡಿಗ್ರಿಗೆ 60 ನಿಮಿಷ. ಚುಕ್ಕಿಯ ನಂತರದ ಅಂಕಿಗಳದ್ದು ಹತ್ತು, ನೂರರ ಲೆಕ್ಕ. 58 ನಿಮಿಷವೆಂದರೆ ದಶಮಾಂಶದಲ್ಲಿ 0.58 ಅಲ್ಲ, 0.9667.

ಅಕ್ಷಾಂಶ, ರೇಖಾಂಶಗಳನ್ನು ಅದಲುಬದಲು ಮಾಡಿದರೂ ಪ್ರಮಾದವೇ. ಆಗ ಬ್ರೂಕ್‌ಫೀಲ್ಡ್ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಹಿಮಗಡಲಿಗೆ ಹೋಗಿ ಬೀಳುತ್ತದೆ. ಆದರೆ ಆ ತಪ್ಪು ಎಂಥವರ ಕಣ್ಣಿಗೂ ಬೀಳುವಂಥದ್ದು. ಕನಕಪುರದ ತಪ್ಪು ಹಾಗಲ್ಲ. ಅಲ್ಲಿಯೂ ರಸ್ತೆಯಿದೆ, ತೋಟವಿದೆ, ಊರಿದೆ. ಹೊರಟವರಿಗೆ ದಾರಿ ತಪ್ಪಿದ್ದು ತಿಳಿಯುವುದು ತಲುಪಿದ ಮೇಲೆಯೇ.

ಜಿಪಿಎಸ್ ನಂಬಿ ಪ್ರವಾಸ ಹೊರಡುವವರು ಸ್ಥಾನಾಂಕಗಳನ್ನು ಯಾವ ಮಾದರಿಯಲ್ಲಿ ಬರೆಯಬೇಕು, ಯಾವ ತಂತ್ರಾಂಶದಲ್ಲಿ ನೋಡಬೇಕು ಎಂಬುದು ಮೇಲ್ನೋಟಕ್ಕೆ ಒಣ ವಿಷಯ. ಆದರೆ ನಕ್ಷೆಯ ಮೇಲಿನ ಪ್ರತಿ ಅಂಕಿಯ ಹಿಂದೆಯೂ ಒಂದು ವಂಶಾವಳಿ ಇರುತ್ತದೆ. ಭಾರತದ ಮಟ್ಟಿಗೆ ಆ ವಂಶಾವಳಿಯ ಮೊದಲ ಪುಟ ಬರೆದದ್ದು ಬ್ರೂಕ್‌ಫೀಲ್ಡ್‌ನ ನೆರೆಯ ಬಯಲಿನಲ್ಲೇ.

ಸರಪಳಿ ಎಳೆದ ಬಯಲು

1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧದಲ್ಲಿ ಬ್ರಿಟಿಷರ ತುಕಡಿಯೊಂದು ರಾತ್ರಿ ಹೊತ್ತು ಸಾಗುತ್ತಿತ್ತು. ಉತ್ತರಕ್ಕೆ ಹೋಗುತ್ತಿದ್ದೇವೆಂದು ತಿಳಿದಿದ್ದ ಸೈನ್ಯ ವಾಸ್ತವವಾಗಿ ದಕ್ಷಿಣಕ್ಕೆ, ಶತ್ರುವಿನ ಶಿಬಿರದತ್ತ ನಡೆದಿತ್ತು. ನಕ್ಷತ್ರ ನೋಡಿ ಇದನ್ನು ಕಂಡುಹಿಡಿದು ಸೇನಾಪತಿಯನ್ನು ಎಚ್ಚರಿಸಿದವನು ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಎಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. ಯುದ್ಧ ಮುಗಿದು ಮೈಸೂರು ಸೀಮೆ ಕೈಗೆ ಬಂದ ಮೇಲೆ ಇದೇ ಲ್ಯಾಂಬ್ಟನ್, ಕರಾವಳಿಯಿಂದ ಕರಾವಳಿಗೆ ಇಡೀ ಪರ್ಯಾಯ ದ್ವೀಪವನ್ನು ಅಳೆಯುವ ಯೋಜನೆಯನ್ನು ಮುಂದಿಟ್ಟ.

ಅವನ ವಿಧಾನ ಸರಳ. ಒಂದು ಗೆರೆಯ ಉದ್ದ ನಿಖರವಾಗಿ ಗೊತ್ತಿರಬೇಕು. ಅದರ ಎರಡು ತುದಿಗಳಲ್ಲಿ ನಿಂತು ದೂರದ ಗುಡ್ಡದ ಕೋನಗಳನ್ನು ಅಳೆದರೆ, ಗುಡ್ಡ ಹತ್ತದೆಯೇ ಅದರ ದೂರ ಸಿಗುತ್ತದೆ. ಹಾಗೆ ಸಿಕ್ಕ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಎಲ್ಲವೂ ನಿಂತಿರುವುದು ಮೊದಲ ಗೆರೆಯ ಮೇಲೆ. ಆ ಮೊದಲ ಗೆರೆಯನ್ನು ಲ್ಯಾಂಬ್ಟನ್ ಎಳೆದದ್ದು 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಕೃಷ್ಣರಾಜಪುರ ಮತ್ತು ಅಗರದ ನಡುವಿನ ಬಯಲಿನಲ್ಲಿ. ಉದ್ದ ಏಳೂವರೆ ಮೈಲಿಗೆ ಸ್ವಲ್ಪ ಕಡಿಮೆ. ಇಂದು ಹೊರವರ್ತುಲ ರಸ್ತೆಯ ವಾಹನಗಳು ಇಂಚಿಂಚಾಗಿ ತೆವಳುವ ಸೀಮೆ ಅದು. ಅಂದೂ ಅಲ್ಲಿನ ಪಯಣ ಇಂಚಿಂಚಾಗಿಯೇ ಸಾಗಿತ್ತು, ಆದರೆ ಬೇಕೆಂದೇ!

ಅಳತೆಗೆ ಬಳಸಿದ ಉಕ್ಕಿನ ಸರಪಳಿಯದೇ ಒಂದು ಕಥೆ. ನೂರು ಅಡಿ ಉದ್ದ, ತಲಾ ಎರಡೂವರೆ ಅಡಿಯ 40 ಕೊಂಡಿಗಳು. 1793ರಲ್ಲಿ ಲಾರ್ಡ್ ಮೆಕಾರ್ಟ್ನಿಯ ರಾಯಭಾರಿ ತಂಡ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದ ಸಾಮಗ್ರಿಗಳಲ್ಲಿ ಇದೂ ಒಂದು. ಚೀನೀಯರಿಗೆ ಅದು ಬೇಡವಾಯಿತು. ಕಲ್ಕತ್ತೆಗೆ ಬಂದು, ಕೈಬದಲಾಗಿ, ಕಡೆಗೆ ಬೆಂಗಳೂರಿನ ಹೊಲಗಳಲ್ಲಿ ಮಲಗಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಪಕ್ಕದಲ್ಲಿ ಉಷ್ಣತಾಮಾಪಕಗಳನ್ನಿಟ್ಟು, ಆ ಹಿಗ್ಗನ್ನೂ ಲೆಕ್ಕದಿಂದ ಕಳೆಯುತ್ತಿದ್ದರು.

1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದು ಆಧಾರರೇಖೆ ಎಳೆದು, ಅಲ್ಲಿಂದ ತ್ರಿಕೋನಗಳ ಸಾಲು ಬೆಂಗಳೂರು ತಲುಪಿತು. ಆಗ ಬಂದದ್ದು ನಿಜವಾದ ಪರೀಕ್ಷೆ. 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ರೇಖೆಯನ್ನು ಸರಪಳಿಯಿಂದಲೇ ಅಳೆದರು. ಮದರಾಸಿನಿಂದ ಲೆಕ್ಕ ಹಾಕಿ ತಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಗೊತ್ತಿರುವ ನೆಲದ ಮೇಲೆ ನಿಂತು ತಪ್ಪೆಷ್ಟು ಎಂದು ಅಳೆಯುವ ಈ ಯುಕ್ತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದು ಮುಂದೆ ಮತ್ತೆ ಬರುತ್ತದೆ.

1823ರಲ್ಲಿ ಲ್ಯಾಂಬ್ಟನ್ ಹಿಂಗನಘಾಟ್‌ನಲ್ಲಿ ತೀರಿಕೊಂಡ ಮೇಲೆ ಕೆಲಸ ಮುಂದುವರಿಸಿದವನು ಜಾರ್ಜ್ ಎವರೆಸ್ಟ್. ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ತುಸು ಚಪ್ಪಟೆ. ಎಷ್ಟು ಚಪ್ಪಟೆ, ಎಷ್ಟು ದಪ್ಪ ಎಂದು ಅವನು 1830ರಲ್ಲಿ ಕೊಟ್ಟ ಲೆಕ್ಕವೇ ಭಾರತದ ನಕ್ಷೆಗಳಿಗೆಲ್ಲ ತಳಪಾಯವಾಯಿತು. ಮಧ್ಯಪ್ರದೇಶದ ಕಲ್ಯಾಣಪುರ ಎಂಬಲ್ಲಿನ ಕೇಂದ್ರವನ್ನು ಆರಂಭಬಿಂದುವಾಗಿ ಹಿಡಿದು, ಮಿಕ್ಕ ಊರುಗಳ ಸ್ಥಾನವನ್ನು ಅದರಿಂದ ಎಣಿಸಲಾಯಿತು. ಭೂಮಿಯ ಆಕಾರ ಹಾಗೂ ಆರಂಭಬಿಂದು ಸೇರಿದ ಈ ಬುನಾದಿಗೆ ತಂತ್ರಜ್ಞರ ಭಾಷೆಯಲ್ಲಿ ‘ಡೇಟಂ’ ಎಂದು ಹೆಸರು.

ಈ ಬುನಾದಿಯಲ್ಲೂ ಬಿರುಕುಗಳಿದ್ದವು. ಮದರಾಸು ವೀಕ್ಷಣಾಲಯದ ರೇಖಾಂಶವನ್ನು ಗ್ರೀನಿಚ್‌ನಿಂದ ಹಿಂದೆ ಲೆಕ್ಕ ಹಾಕಿದ್ದರಲ್ಲಿ ಸುಮಾರು ಎರಡೂವರೆ ನಿಮಿಷದ ತಪ್ಪಿತ್ತು. ಹಳೆಯ ನಕ್ಷೆಗಳ ಅಂಚಿನಲ್ಲಿ ‘2 ನಿಮಿಷ 27 ಸೆಕೆಂಡು ಕಳೆಯಿರಿ’ ಎಂಬರ್ಥದ ಟಿಪ್ಪಣಿ ಕಾಣುವುದು ಈ ಕಾರಣಕ್ಕೇ. ಬೆಂಗಳೂರಿನ ಅಕ್ಷಾಂಶದಲ್ಲಿ ಅಷ್ಟೆಂದರೆ ನಾಲ್ಕೂವರೆ ಕಿ.ಮೀ.ನಷ್ಟು. ಹೆಚ್ಚೂಕಡಿಮೆ ಬ್ರೂಕ್‌ಫೀಲ್ಡ್‌ನಿಂದ ವೈಟ್‌ಫೀಲ್ಡ್‌ವರೆಗಿನ ದೂರ!

ನಾಲ್ಕು ಹಾಳೆಗಳ ಮೂಲೆ

ಮೊಬೈಲು ಬರುವ ಮೊದಲು ಬೆಟ್ಟಗುಡ್ಡ ಸುತ್ತುವವರ ಆಸರೆ ಸರ್ವೆ ಆಫ್ ಇಂಡಿಯಾದ ಹಾಳೆಗಳು. ಬ್ರೂಕ್‌ಫೀಲ್ಡ್ ಇರುವ ಪ್ರದೇಶದ ಹಾಳೆಯ ಸಂಖ್ಯೆ 57 ಎಚ್/9. ದಶಕಗಳ ಹಿಂದಿನ ಹಾಳೆಯಲ್ಲಿ ಬ್ರೂಕ್‌ಫೀಲ್ಡ್ ಹುಡುಕಿದರೆ ಸಿಗದು, ಹುಡುಕಬೇಕಾದದ್ದು ಕುಂದಲಹಳ್ಳಿಯನ್ನು. ವೈಟ್‌ಫೀಲ್ಡ್ ದಾಟಿ ಪೂರ್ವಕ್ಕೆ ಹೋದರೆ 57 ಎಚ್/13 ಬೇಕು. ಕೃಷ್ಣರಾಜಪುರದ ಆಸುಪಾಸಿನಲ್ಲೇ 13ನೇ ಡಿಗ್ರಿ ಅಕ್ಷಾಂಶ ಹಾಯುವುದರಿಂದ ಉತ್ತರಕ್ಕೆ ಹೋಗುವವರಿಗೆ 57 ಜಿ/12, ಈಶಾನ್ಯಕ್ಕೆ 57 ಜಿ/16. ಈ ನಾಲ್ಕೂ ಹಾಳೆಗಳ ಮೂಲೆ ಕೂಡುವುದು ಕಾಡುಗೋಡಿಯ ಆಸುಪಾಸಿನಲ್ಲಿ. ಹೀಗಾಗಿ ಈ ಭಾಗದವರು ಊರ ಸುತ್ತ ಒಂದು ಸುತ್ತು ಹೊಡೆಯಬೇಕೆಂದರೂ ನಾಲ್ಕು ಹಾಳೆ ಕೊಂಡು ಅಂಟಿಸಿಕೊಳ್ಳಬೇಕಿತ್ತು. ಅಷ್ಟಾದರೂ ಕೊಳ್ಳಲು ಸಿಗುತ್ತಿದ್ದವು. ಗಡಿ ಮತ್ತು ಕರಾವಳಿಯ ಪಟ್ಟಿಗೆ ಸೇರಿದ ಹಾಳೆಗಳು ಜನಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ.

ಆಕಾಶದಿಂದ ಜಿಪಿಎಸ್ ಇಳಿದಾಗ ಈ ಹಾಳೆಗಳಿಗೂ ಅದಕ್ಕೂ ತಾಳೆಯಾಗಲಿಲ್ಲ. ಅಮೆರಿಕದ ಉಪಗ್ರಹ ವ್ಯವಸ್ಥೆ ಬಳಸುವುದು ಇಡೀ ಭೂಮಿಗೆ ಹೊಂದುವ ‘ಡಬ್ಲ್ಯೂಜಿಎಸ್-84’ ಎಂಬ ಬುನಾದಿಯನ್ನು. ಅದರ ಪ್ರಕಾರ ಸಮಭಾಜಕದಲ್ಲಿ ಭೂಮಿಯ ಅರ್ಧವ್ಯಾಸ ಎವರೆಸ್ಟನ ಲೆಕ್ಕಕ್ಕಿಂತ 860 ಮೀಟರಿನಷ್ಟು ಹೆಚ್ಚು. ಪರಿಣಾಮವಾಗಿ, ಹಳೆಯ ಹಾಳೆಯಿಂದ ಎತ್ತಿಕೊಂಡ ಅಕ್ಷಾಂಶ-ರೇಖಾಂಶವನ್ನು ಹಾಗೆಯೇ ಜಿಪಿಎಸ್‌ಗೆ ತುಂಬಿದರೆ ಬೆಂಗಳೂರಿನಲ್ಲಿ ನೂರು ಮೀಟರಿಗೂ ಹೆಚ್ಚು ಆಚೀಚೆಯಾಗುತ್ತದೆ. ಪೇಟೆಯಲ್ಲಿ ಇದು ಒಂದು ಬೀದಿಯ ವ್ಯತ್ಯಾಸ. ಕಾಡಿನಲ್ಲಿ ಕೊಳ್ಳದ ಈ ದಡ ಅಥವಾ ಆ ದಡ.

2000ದ ಮೇ ಆರಂಭದವರೆಗೆ ಈ ವ್ಯತ್ಯಾಸ ಅಷ್ಟಾಗಿ ಕಾಡಲೂ ಇಲ್ಲ. ಅಮೆರಿಕ ಅಲ್ಲಿಯವರೆಗೆ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ನೂರು ಮೀಟರಿನ ತಪ್ಪು ಮಾಮೂಲಾಗಿತ್ತು. ಆ ಪರದೆ ಸರಿದ ಮೇಲೆ ನಕ್ಷೆಯ ತಪ್ಪು ಎದ್ದು ಕಂಡಿತು. 2005ರ ರಾಷ್ಟ್ರೀಯ ನಕ್ಷಾ ನೀತಿಯು ಸಾರ್ವಜನಿಕರಿಗಾಗಿ ಡಬ್ಲ್ಯೂಜಿಎಸ್-84 ಆಧರಿಸಿದ ಪ್ರತ್ಯೇಕ ಹಾಳೆಗಳ ಸರಣಿಯನ್ನು ತಂದಿತು. ಹಾಳೆಯ ಹಳೆಯ ಸಂಖ್ಯೆ 57ರಿಂದ ಶುರುವಾದರೆ, ಬೆಂಗಳೂರಿನ ಹೊಸ ಹಾಳೆಗಳದ್ದು ‘ಡಿ 43’ರಿಂದ. ಕೈಯಲ್ಲಿರುವ ಹಾಳೆ ಯಾವ ಬುನಾದಿಯದು ಎಂದು ತಿಳಿಯಲು ಇದಕ್ಕಿಂತ ಸುಲಭದ ಗುರುತಿಲ್ಲ.

ಬುನಾದಿ ಇತ್ಯರ್ಥವಾದ ಮೇಲೆ ಬರುವುದು ಬರವಣಿಗೆಯ ಮಾದರಿ. ಡಿಗ್ರಿ-ನಿಮಿಷ-ಸೆಕೆಂಡು ಹಳೆಯ ಹಾಳೆಗಳ, ಗೆಜೆಟಿಯರುಗಳ ಭಾಷೆ. ಒಂದು ಸೆಕೆಂಡು ನೆಲದ ಮೇಲೆ ಸುಮಾರು 30 ಮೀಟರು. ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನಗಳು ಹಲವು ವೇಳೆ ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ಹೇಳುತ್ತವೆ. ಎಡವಟ್ಟು ಹೆಚ್ಚಾಗುವುದು ಇಲ್ಲಿಯೇ. 58.30 ನಿಮಿಷವನ್ನು 58 ನಿಮಿಷ 30 ಸೆಕೆಂಡು ಎಂದು ಓದಿಕೊಂಡರೆ 370 ಮೀಟರು ತಪ್ಪುತ್ತದೆ. ಮೊಬೈಲು ಮತ್ತು ಕಂಪ್ಯೂಟರುಗಳಿಗೆ ಒಗ್ಗುವುದು ದಶಮಾಂಶ ಡಿಗ್ರಿ. ಚುಕ್ಕಿಯ ನಂತರ ನಾಲ್ಕು ಅಂಕಿ ಬರೆದರೆ 11 ಮೀಟರು, ಐದು ಬರೆದರೆ ಒಂದು ಮೀಟರಿನ ಸೂಕ್ಷ್ಮತೆ. ಕೆಲವರು ಎಂಟು ಅಂಕಿ ಬರೆಯುವುದುಂಟು. ಅದು ಬೆಳ್ಳುಳ್ಳಿಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಿದಂತೆ.

ಕಾಗದದ ನಕ್ಷೆ ಹಿಡಿದು ನಡೆಯುವವರಿಗೆ ಯುಟಿಎಂ ಎಂಬ ಮೀಟರು ಲೆಕ್ಕವೇ ಮೇಲು. ಇದರಲ್ಲಿ ಭೂಮಿಯನ್ನು ಆರಾರು ಡಿಗ್ರಿಯ 60 ಪಟ್ಟಿಗಳಾಗಿ ಸೀಳಿದ್ದಾರೆ. ಬೆಂಗಳೂರು 43ನೇ ಪಟ್ಟಿಯಲ್ಲಿದೆ. ಬ್ರೂಕ್‌ಫೀಲ್ಡ್‌ನ ಸ್ಥಾನ ಪೂರ್ವಕ್ಕೆ ಸುಮಾರು 7,95,000 ಮೀಟರು, ಉತ್ತರಕ್ಕೆ ಸುಮಾರು 14,35,000 ಮೀಟರು. ಎರಡು ಜಾಗಗಳ ನಡುವಿನ ಅಂತರ ಕೂಡುವ, ಕಳೆಯುವ ಲೆಕ್ಕದಲ್ಲೇ ಹೊಳೆಯುತ್ತದೆ. ಆದರೆ ಭಾನುವಾರ ಸೈಕಲ್ ಹತ್ತಿ ಕೋಲಾರದ ಅಂತರಗಂಗೆಗೆ ಹೊರಟವರಿಗೆ ಒಂದು ವಿಚಿತ್ರ ಕಾದಿರುತ್ತದೆ. 43ನೇ ಪಟ್ಟಿ ಮುಗಿಯುವುದು 78 ಡಿಗ್ರಿ ರೇಖಾಂಶದಲ್ಲಿ, ಕೋಲಾರ ಪಟ್ಟಣ ಇರುವುದು ಅದರಾಚೆ. ಹೊಸಕೋಟೆ ದಾಟಿ, ಕೋಲಾರ ಮುಟ್ಟುವ ಮೊದಲೇ ಪೂರ್ವದ ಅಂಕಿ 8 ಲಕ್ಷ 25 ಸಾವಿರದಿಂದ 1 ಲಕ್ಷ 75 ಸಾವಿರಕ್ಕೆ ಧೊಪ್ಪನೆ ಕುಸಿಯುತ್ತದೆ. ಸಾಧನ ಕೆಟ್ಟಿಲ್ಲ, 44ನೇ ಪಟ್ಟಿ ಶುರುವಾಗಿದೆ ಅಷ್ಟೇ. ಪಟ್ಟಿಯ ಸಂಖ್ಯೆ ಬರೆಯದ ಯುಟಿಎಂ ಅಂಕಿ ಪಿನ್‌ಕೋಡ್ ಇಲ್ಲದ ಗಾಂಧಿನಗರದ ವಿಳಾಸದಂತೆ.

ತಂತ್ರಾಂಶದ ಆಯ್ಕೆ ಪ್ರವಾಸದ ಮೇಲೆ ನಿಂತಿದೆ. ಊರೊಳಗೆ, ಹೆದ್ದಾರಿಯಲ್ಲಿ ಗೂಗಲ್ ಮ್ಯಾಪ್ಸ್ ಅಥವಾ ದೇಶೀಯವಾದ ಮ್ಯಾಪಲ್ಸ್ ಸಾಕು. ದಟ್ಟಣೆಯ ಸುದ್ದಿಯೂ ಸಿಗುತ್ತದೆ. ಮೊಬೈಲ್ ಸಂಪರ್ಕ ಸಿಗದ ಮಲೆನಾಡಿಗೆ, 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯನ್ನು ಆಧರಿಸಿದ ಓಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಮುಂತಾದವು ವಾಸಿ. ಇಡೀ ಜಿಲ್ಲೆಯ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಬಹುದು, ಗೆಳೆಯರು ನಡೆದ ಜಾಡನ್ನು ‘ಜಿಪಿಎಕ್ಸ್’ ಕಡತವಾಗಿ ಪಡೆಯಬಹುದು. ಇದನ್ನು ಬರೆಯುವವರೂ ಬಳಸುವವರೇ. ಗೂಗಲ್ ಕೂಡ ಜನರಿಂದಲೇ ನಕ್ಷೆ ಬಿಡಿಸುವ ‘ಮ್ಯಾಪ್ ಮೇಕರ್’ ಅನ್ನು ತನ್ನ ಬೆಂಗಳೂರು ಕಚೇರಿಯಲ್ಲೇ ರೂಪಿಸಿ 2008ರಲ್ಲಿ ಬಿಡುಗಡೆ ಮಾಡಿ, 2017ರಲ್ಲಿ ಮುಚ್ಚಿತು. 2025ರ ಮೇನಲ್ಲಿ ಅಂಚೆ ಇಲಾಖೆ ತಂದ ‘ಡಿಜಿಪಿನ್’ ಇನ್ನೊಂದು ದಾರಿ ಹಿಡಿದಿದೆ. ದೇಶವನ್ನು ನಾಲ್ಕು ಮೀಟರು ಚೌಕಗಳಾಗಿ ಭಾಗಿಸಿ, ಪ್ರತಿಯೊಂದಕ್ಕೂ ಹತ್ತು ಅಕ್ಷರಗಳ ಗುರುತು. ಡಿಗ್ರಿ, ಚುಕ್ಕಿಗಳ ತಂಟೆಯಿಲ್ಲ, ನಿಜ. ಆದರೆ ಎರಡು ಗುರುತುಗಳ ನಡುವೆ ಎಷ್ಟು ದೂರ ಎಂಬುದು ಅದನ್ನು ನೋಡಿದೊಡನೆ ತಿಳಿಯುವುದಿಲ್ಲ. ಪ್ರವಾಸಕ್ಕಿಂತ ಮನೆ ವಿಳಾಸಕ್ಕೆ ಅದು ಹೆಚ್ಚು ಸೂಕ್ತ.

ಯಾವುದನ್ನೇ ಬಳಸಲಿ, ಸಂಗಡಿಗರೆಲ್ಲರ ಸಾಧನದಲ್ಲೂ ಡೇಟಂ ಮತ್ತು ಬರೆಯುವ ಮಾದರಿ ಒಂದೇ ಆಗಿರಬೇಕು. ಹೊರಡುವ ಮುನ್ನ ಎಲ್ಲರಿಗೂ ಗೊತ್ತಿರುವ ಒಂದು ಜಾಗದ, ಮನೆಯ ಗೇಟಿನದೋ ಬಸ್ ನಿಲ್ದಾಣದ್ದೋ ಅಂಕಿಯನ್ನು ತಾಳೆ ನೋಡುವುದು ಒಳ್ಳೆಯದು. ಇದು 1804ರ ಯುಕ್ತಿಯೇ.

ಅದೇ ಯುಕ್ತಿ ಬ್ರೂಕ್‌ಫೀಲ್ಡ್‌ನ ಮಗ್ಗುಲಿನ ಕುಂದಲಹಳ್ಳಿಗೆ ಬೇರೆ ರೂಪದಲ್ಲಿ ಮರಳಿ ಬಂದಿದೆ. ವಿಮಾನ ನಿಲ್ದಾಣಗಳ ಪ್ರಾಧಿಕಾರ ಮತ್ತು ಇಸ್ರೊ ಕೂಡಿ ಕಟ್ಟಿದ ‘ಗಗನ್’ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿರುವುದು ಅಲ್ಲಿ. ದೇಶದ 15 ಕಡೆ, ಮೊದಲೇ ನಿಖರವಾಗಿ ಅಳೆದಿಟ್ಟ ಜಾಗಗಳಲ್ಲಿ ಜಿಪಿಎಸ್ ಗ್ರಾಹಕಗಳನ್ನು ನಿಲ್ಲಿಸಿದ್ದಾರೆ. ಉಪಗ್ರಹಗಳು ಹೇಳುವ ಸ್ಥಾನಕ್ಕೂ ನಿಜವಾದ ಸ್ಥಾನಕ್ಕೂ ಎಷ್ಟು ಅಂತರವೆಂಬ ವರದಿ ಕೇಂದ್ರಕ್ಕೆ ಬರುತ್ತದೆ. ಅದರಿಂದ ಲೆಕ್ಕ ಹಾಕಿದ ತಿದ್ದುಪಡಿಯನ್ನು ಭೂಸ್ಥಿರ ಉಪಗ್ರಹಕ್ಕೆ ಕಳುಹಿಸಿ ಇಡೀ ದೇಶಕ್ಕೆ ಬಿತ್ತರಿಸುತ್ತಾರೆ. 2011ರಲ್ಲಿ ಹಾರಿದ ಜಿಸ್ಯಾಟ್-8 ಈ ಕೆಲಸದ ಉಪಕರಣ ಹೊತ್ತ ಮೊದಲ ಯಶಸ್ವಿ ಉಪಗ್ರಹ. 2022ರ ಏಪ್ರಿಲ್‌ನಲ್ಲಿ ಇಂಡಿಗೊ ವಿಮಾನವೊಂದು ಗಗನ್ ನೆರವಿನಿಂದ ರಾಜಸ್ಥಾನದ ಕಿಶನ್‌ಗಢ ನಿಲ್ದಾಣದಲ್ಲಿ ಇಳಿಯಿತು.

ಚಾರಣಿಗರ ಕೈಯಲ್ಲಿನ ಹಲವು ಸಾಧನಗಳೂ ಈ ಸಂಕೇತವನ್ನು ಹಿಡಿಯಬಲ್ಲವು. ಆದರೆ ಅವುಗಳ ಪಟ್ಟಿಯಲ್ಲಿ ‘ಗಗನ್’ ಎಂಬ ಹೆಸರು ಕಾಣುವುದು ಅಪರೂಪ. ಅಮೆರಿಕ, ಯೂರೋಪಿನ ಇಂಥವೇ ವ್ಯವಸ್ಥೆಗಳ ಹೆಸರಿನಲ್ಲಿ, ‘ವಾಸ್’ ಅಥವಾ ‘ಎಗ್ನಾಸ್’ ಎಂದು ಬರೆದಿರುತ್ತದೆ. ಬ್ಯಾಟರಿ ಉಳಿಸಲೆಂದು ಅದನ್ನು ಆರಿಸಿಟ್ಟವರಿಗೆ ಕುಂದಲಹಳ್ಳಿ ಗೇಟಿನಲ್ಲೇ ನಿಂತರೂ ಕುಂದಲಹಳ್ಳಿಯ ತಿದ್ದುಪಡಿ ಸಿಗುವುದಿಲ್ಲ.