ಚಳಿಗಾಲದಲ್ಲಿ ಕ್ರ್ಯಾಂಕ್‌ಕೇಸ್ ವಾತಾಯನ

ಕ್ರ್ಯಾಂಕ್‌ಕೇಸ್ ವಾತಾಯನವು ಮೋಟಾರು ಕಾರಿನ ಎಂಜಿನ್ನಿನ ತಳಭಾಗದಲ್ಲಿ ಸಂಗ್ರಹವಾಗುವ ಅನಿಲಗಳನ್ನು ಹೊರಸೆಳೆದು ಮತ್ತೆ ದಹನಕ್ಕೆ ಕಳುಹಿಸುವ ವ್ಯವಸ್ಥೆಯಾಗಿದೆ. ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್ ಎಂಬ ಹೆಸರಿನ ಮೊದಲಕ್ಷರಗಳಿಂದ ಇದನ್ನು ಪಿಸಿವಿ ಎಂದು ಕರೆಯುವುದು ರೂಢಿ. ಕೆನಡಾ, ಸ್ವೀಡನ್, ನಾರ್ವೆ, ಫಿನ್‌ಲೆಂಡ್, ರಷ್ಯಾ ಮೊದಲಾದ ದೇಶಗಳ ತೀವ್ರ ಚಳಿಗಾಲದಲ್ಲಿ ಈ ವ್ಯವಸ್ಥೆಯ ಕೊಳವೆಗಳೊಳಗೆ ನೀರು ಹೆಪ್ಪುಗಟ್ಟುವುದುಂಟು. ಆಗ ಎಂಜಿನ್ನಿನೊಳಗೆ ಒತ್ತಡ ಹೆಚ್ಚಿ, ಆಯಿಲ್ ಹೊರಚೆಲ್ಲಿ, ಗಮನಿಸದಿದ್ದರೆ ಎಂಜಿನ್ನೇ ಹಾಳಾಗಬಹುದು. ಸಕಾಲದ ತಪಾಸಣೆ ಮತ್ತು ವಾಹನ ಬಳಕೆಯ ಕ್ರಮದಿಂದ ಈ ತೊಂದರೆಯನ್ನು ಬಹುಮಟ್ಟಿಗೆ ತಡೆಯಬಹುದು.

ಹಿನ್ನೆಲೆ

ಸಿಲಿಂಡರಿನಲ್ಲಿ ಇಂಧನ ಉರಿಯುವಾಗ ಉಂಟಾಗುವ ಅನಿಲಗಳಲ್ಲಿ ಸ್ವಲ್ಪ ಭಾಗವು ಪಿಸ್ಟನ್ ಉಂಗುರಗಳ ಸಂದಿನಿಂದ ನುಸುಳಿ ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಇದಕ್ಕೆ ಬ್ಲೋ-ಬೈ ಅನಿಲವೆಂದು ಹೆಸರು. ಇದರಲ್ಲಿ ಉರಿಯದ ಇಂಧನ, ಇಂಗಾಲದ ಆಕ್ಸೈಡುಗಳು ಮತ್ತು ನೀರಾವಿ ಇರುತ್ತವೆ. ಹಿಂದಿನ ಕಾಲದ ಕಾರುಗಳಲ್ಲಿ ಇವನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಯ ಕಡೆಗೆ ಬಿಡಲಾಗುತ್ತಿತ್ತು. ಲಾಸ್ ಏಂಜಲೀಸ್ ನಗರದ ಹೊಗೆಮಂಜಿಗೆ ವಾಹನಗಳು ಹೊರಸೂಸುವ ಹೈಡ್ರೋಕಾರ್ಬನ್‌ಗಳೂ ಕಾರಣವೆಂಬುದನ್ನು ವಿಜ್ಞಾನಿ ಏರಿ ಹಾಗೆನ್-ಸ್ಮಿತ್ 1950ರ ದಶಕದಲ್ಲಿ ತೋರಿಸಿಕೊಟ್ಟರು. 1961ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಪಿಸಿವಿ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ವಾಹನಮಾಲಿನ್ಯ ನಿಯಂತ್ರಣಕ್ಕಾಗಿ ಕಡ್ಡಾಯವಾದ ಮೊದಲ ತಂತ್ರ ಇದೇ.

ಕಾರ್ಯವಿಧಾನ

ಗಾಳಿ ಶೋಧಕದ ಕಡೆಯಿಂದ ಶುದ್ಧವಾದ ಗಾಳಿಯು ಒಂದು ಕೊಳವೆಯ ಮೂಲಕ ಎಂಜಿನ್ನಿನೊಳಗೆ ಪ್ರವೇಶಿಸುತ್ತದೆ. ಅದು ಬ್ಲೋ-ಬೈ ಅನಿಲಗಳೊಡನೆ ಬೆರೆತು, ಆಯಿಲ್ ಹನಿಗಳನ್ನು ಬೇರ್ಪಡಿಸುವ ಭಾಗವನ್ನು ಹಾದು, ಪಿಸಿವಿ ಕವಾಟದ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡನ್ನು ಸೇರಿ ಪುನಃ ಉರಿಯುತ್ತದೆ. ಹಲವು ಕಾರುಗಳಲ್ಲಿ ಕವಾಟದ ಒಳಗಿನ ಸ್ಪ್ರಿಂಗ್ ಅನಿಲದ ಹರಿವನ್ನು ನಿಯಂತ್ರಿಸುತ್ತದೆ. ಇತ್ತೀಚಿನ ಹಲವು ಕಾರುಗಳಲ್ಲಿ ಆ ಕೆಲಸವನ್ನು ರಬ್ಬರಿನ ತೆಳುಪೊರೆ ಮಾಡುತ್ತದೆ. ಟರ್ಬೊ ಎಂಜಿನ್‌ಗಳಲ್ಲಿ ವೇಗ ಹೆಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ ಸೆಳೆತದ ಬದಲು ಒತ್ತಡವಿರುವುದರಿಂದ, ಅನಿಲಗಳನ್ನು ಟರ್ಬೊದ ಮುಂದಿನ ತಣ್ಣನೆಯ ಗಾಳಿಕೊಳವೆಗೆ ತಿರುಗಿಸುವ ಎರಡನೆಯ ಮಾರ್ಗವೂ ಇರುತ್ತದೆ.

ಚಳಿಯಲ್ಲಿ ಉಂಟಾಗುವ ತೊಂದರೆ

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರ ಬಹುಭಾಗ ಹೊಗೆಕೊಳವೆಯಿಂದ ಹೊರಹೋದರೂ ಸ್ವಲ್ಪಾಂಶ ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಈ ಆವಿಯು ಆವಿಯಾಗಿಯೇ ಹೊರಸಾಗುತ್ತದೆ. ಎಂಜಿನ್ ತಣ್ಣಗಿದ್ದರೆ, ಅನ್ನ ಬೇಯುವ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುವಂತೆ, ಕ್ರ್ಯಾಂಕ್‌ಕೇಸಿನ ಗೋಡೆಗಳ ಮೇಲೂ ಕೊಳವೆಗಳಲ್ಲಿಯೂ ಹನಿಗಟ್ಟುತ್ತದೆ. ತಿರುಗುವ ಭಾಗಗಳ ಕಡೆತದಿಂದ ಆ ನೀರು ಆಯಿಲ್‌ನೊಡನೆ ಬೆರೆತು, ಬೆಣ್ಣೆಯಂತಹ ಹಳದಿ ಮಿಶ್ರಿತ ಬಿಳಿಯ ಜಿಡ್ಡಾಗುತ್ತದೆ.

ಹೆಪ್ಪುಗಟ್ಟುವಿಕೆ ಎರಡು ಬಗೆಯಲ್ಲಿ ನಡೆಯುತ್ತದೆ. ಮೊದಲನೆಯದು, ಕಾರು ನಿಂತಿರುವಾಗ: ಕೊಳವೆಯ ಬಾಗಿದ ತಗ್ಗಿನಲ್ಲಿ ನಿಂತ ನೀರು ರಾತ್ರಿಯ ಚಳಿಗೆ ಮಂಜುಗಡ್ಡೆಯಾಗಿ ಮಾರ್ಗವನ್ನು ಮುಚ್ಚುತ್ತದೆ. ಎರಡನೆಯದು, ಕಾರು ಓಡುತ್ತಿರುವಾಗ: ತೇವಭರಿತ ಬೆಚ್ಚನೆಯ ಅನಿಲವು ಹೊರಗಿನಿಂದ ಬರುವ ಅತಿಶೀತಲ ಗಾಳಿಯನ್ನು ಸಂಧಿಸುವ ಬಾಯಿಯಲ್ಲಿ ಮಂಜು ಪದರ ಪದರವಾಗಿ ಬೆಳೆಯುತ್ತದೆ. ಆದುದರಿಂದ ಹೆದ್ದಾರಿಯಲ್ಲಿ ಬಹಳ ಹೊತ್ತು ಓಡಿದ ಕಾರಿಗೂ ಈ ಅಪಾಯ ತಪ್ಪಿದ್ದಲ್ಲ.

ಮಾರ್ಗ ಮುಚ್ಚಿದ ಮೇಲೆಯೂ ಬ್ಲೋ-ಬೈ ಅನಿಲಗಳ ಉತ್ಪತ್ತಿ ನಿಲ್ಲುವುದಿಲ್ಲ. ಏರಿದ ಒತ್ತಡವು ದುರ್ಬಲವಾದ ಸ್ಥಳವನ್ನು ಹುಡುಕಿಕೊಳ್ಳುತ್ತದೆ. ಡಿಪ್‌ಸ್ಟಿಕ್ ಮೇಲಕ್ಕೆ ಚಿಮ್ಮಬಹುದು, ಅಥವಾ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲ್ ಕಿತ್ತುಬರಬಹುದು. ಹೀಗಾದರೆ ಆಯಿಲ್ ಅಲ್ಪಕಾಲದಲ್ಲಿಯೇ ಬರಿದಾಗಬಹುದು. ಸೀಲಿನ ಬೆಲೆ ಕಡಿಮೆಯಾದರೂ ಅದನ್ನು ಬದಲಿಸಲು ಗೇರ್‌ಬಾಕ್ಸನ್ನು ಬಿಚ್ಚಬೇಕಾಗುವುದರಿಂದ ದುರಸ್ತಿಯ ವೆಚ್ಚ ದೊಡ್ಡದು. ಜನವಸತಿಯಿಲ್ಲದ ರಸ್ತೆಯಲ್ಲಿ, ಕೊರೆಯುವ ಚಳಿಯಲ್ಲಿ ಎಂಜಿನ್ ನಿಂತುಹೋದರೆ ಪ್ರಯಾಣಿಕರ ಪ್ರಾಣಕ್ಕೂ ಅಪಾಯ.

ಲಕ್ಷಣಗಳು

* ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಬಿಳಿಯ ಜಿಡ್ಡು ಕಾಣುವುದು.
* ಡಿಪ್‌ಸ್ಟಿಕ್ ತನ್ನ ಸ್ಥಾನದಿಂದ ಮೇಲೆದ್ದಿರುವುದು.
* ಗಾಳಿ ಶೋಧಕದ ಪೆಟ್ಟಿಗೆಯಲ್ಲಿ ಆಯಿಲ್ ಕಾಣುವುದು.
* ಎಂಜಿನ್ನಿನಿಂದ ಸಿಳ್ಳೆಯಂತಹ ಸದ್ದು ಬರುವುದು. ಕಾರು ನಿಂತ ಜಾಗದಲ್ಲಿ ಆಯಿಲ್ ಕಲೆ ಬೀಳುವುದು.

ಮುಚ್ಚಳದ ಜಿಡ್ಡನ್ನು ಕಂಡೊಡನೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ತೀರ್ಮಾನಿಸಲಾಗದು. ರೇಡಿಯೇಟರಿನ ಕೂಲೆಂಟ್ ಕಡಿಮೆಯಾಗದೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸ್ವಚ್ಛವಾಗಿಯೇ ಕಂಡುಬಂದರೆ, ಅದು ಸಾಮಾನ್ಯವಾಗಿ ಅಲ್ಪದೂರದ ಓಡಾಟದಿಂದ ಸಂಗ್ರಹವಾದ ತೇವ. ಕೂಲೆಂಟ್ ಇಳಿಯುತ್ತಿದ್ದರೆ ಗ್ಯಾಸ್ಕೆಟನ್ನು ಪರೀಕ್ಷಿಸುವುದು ಅಗತ್ಯ.

ಮುನ್ನೆಚ್ಚರಿಕೆಗಳು

ಚಳಿಗಾಲದ ಮೊದಲಿನ ತಪಾಸಣೆ: ಪಿಸಿವಿ ಕವಾಟ, ಕೊಳವೆಗಳು ಮತ್ತು ಆಯಿಲ್ ಬೇರ್ಪಡಿಸುವ ಭಾಗವನ್ನು ಚಳಿ ಆರಂಭವಾಗುವ ಮೊದಲೇ ಶುಚಿಗೊಳಿಸುವುದು ಇಲ್ಲವೇ ಬದಲಿಸುವುದು ಒಳ್ಳೆಯದು. ಅರ್ಧ ಕಟ್ಟಿಕೊಂಡ ಕೊಳವೆಯು ಬೇಸಿಗೆಯಲ್ಲಿ ಕೆಲಸ ನಡೆಸಿದರೂ ಚಳಿಯಲ್ಲಿ ಸ್ವಲ್ಪ ಮಂಜಿಗೇ ಪೂರ್ತಿಯಾಗಿ ಮುಚ್ಚಿಹೋಗುತ್ತದೆ.

ಸಾಕಷ್ಟು ದೂರದ ಓಟ: ಆಯಿಲ್ ಬಿಸಿಯಾಗಲು ಕೂಲೆಂಟಿಗಿಂತ ಹೆಚ್ಚು ಸಮಯ ಬೇಕು. ಆದುದರಿಂದ ಡ್ಯಾಶ್‌ಬೋರ್ಡಿನ ಉಷ್ಣಾಂಶದ ಮುಳ್ಳು ಮೇಲೇರಿದ ಮಾತ್ರಕ್ಕೆ ಆಯಿಲ್‌ನಲ್ಲಿನ ನೀರು ಆರಿತೆಂದು ಭಾವಿಸಬಾರದು. ದಿನವೂ ಅಲ್ಪದೂರ ಓಡುವ ಕಾರನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಗೂ ಹೆಚ್ಚು ಕಾಲ ಓಡಿಸುವುದು ಉಪಯುಕ್ತ. ನಿಂತಲ್ಲೇ ಎಂಜಿನ್ ಚಾಲೂ ಇಡುವುದರಿಂದ ಆಯಿಲ್ ಸಾಕಷ್ಟು ಬಿಸಿಯಾಗುವುದಿಲ್ಲ. ಬದಲಿಗೆ ನೀರಾವಿಯ ಸೇರ್ಪಡೆ ಮಾತ್ರ ಮುಂದುವರಿಯುತ್ತದೆ.

ಬ್ಲಾಕ್ ಹೀಟರ್: ವಿದ್ಯುತ್ತಿನಿಂದ ಎಂಜಿನ್ನನ್ನು ಮುಂಚಿತವಾಗಿ ಬೆಚ್ಚಗಾಗಿಸುವ ಈ ಸಾಧನವು ಕೆನಡಾದ ಬಯಲುನಾಡಿನಲ್ಲಿ ಸರ್ವೇಸಾಮಾನ್ಯ. ವಿನ್ನಿಪೆಗ್ ನಗರದಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣಾಂಶವು ಸುಮಾರು −20° ಸೆಲ್ಸಿಯಸ್ ಇರುವುದರಿಂದ, ಅಲ್ಲಿನ ಹಲವು ವಾಹನ ನಿಲುಗಡೆಗಳಲ್ಲಿ ಇದಕ್ಕಾಗಿಯೇ ವಿದ್ಯುತ್ ಪ್ಲಗ್ಗುಗಳಿವೆ.

ಆಯಿಲ್ ಮತ್ತು ಥರ್ಮೋಸ್ಟಾಟ್: ತಯಾರಕರು ಸೂಚಿಸಿದ ದರ್ಜೆಯ ಆಯಿಲ್ ಬಳಸಿ, ಅಲ್ಪದೂರದ ಓಡಾಟವೇ ಹೆಚ್ಚಾಗಿದ್ದರೆ ಅವಧಿಗೆ ಮೊದಲೇ ಬದಲಿಸಬೇಕು. ಥರ್ಮೋಸ್ಟಾಟ್ ತೆರೆದೇ ಉಳಿದರೆ ಎಂಜಿನ್ ಎಂದಿಗೂ ಪೂರ್ಣ ಬಿಸಿಯಾಗದು. ಅದನ್ನು ತಡಮಾಡದೆ ಬದಲಿಸಬೇಕು.

ಹೊದಿಕೆ ಮತ್ತು ಹೀಟರ್: ಕೆಲವು ತಯಾರಕರು ಶೀತಪ್ರದೇಶಗಳಿಗಾಗಿ ಹೊದಿಕೆಯುಳ್ಳ ಕೊಳವೆಗಳನ್ನು ಒದಗಿಸುತ್ತಾರೆ; ಬಿಎಂಡಬ್ಲ್ಯು ಕಾರುಗಳಲ್ಲಿ ಇಂತಹವು ಇವೆ. ವೋಲ್ವೊ, ಫೋಕ್ಸ್‌ವ್ಯಾಗನ್ ಕಾರುಗಳ ಕೆಲವು ಎಂಜಿನ್‌ಗಳಲ್ಲಿ ಕೊಳವೆಯ ಬಾಯಿಗೆ ಪುಟ್ಟ ವಿದ್ಯುತ್ ಹೀಟರ್ ಜೋಡಿಸಲಾಗಿದೆ. ಹೀಟರ್ ಇರುವ ಕಾರಿನಲ್ಲಿ ಅದರ ಫ್ಯೂಸ್ ಮತ್ತು ತಂತಿಯನ್ನೂ ಪರೀಕ್ಷಿಸಬೇಕು. ಅದು ಕೆಟ್ಟಿರುವುದು ಬೇಸಿಗೆಯಲ್ಲಿ ಗಮನಕ್ಕೆ ಬರುವುದಿಲ್ಲ.

ಕೊಳವೆಯನ್ನು ಕಳಚಿ ಅನಿಲವನ್ನು ಹೊರಗೆ ಬಿಡುವುದು ಪರಿಹಾರವಲ್ಲ. ಅದರಿಂದ ಮಾಲಿನ್ಯ ಹೆಚ್ಚುವುದಲ್ಲದೆ, ತೆರೆದ ಬಾಯಿಯಲ್ಲಿಯೂ ಮಂಜುಗಟ್ಟುತ್ತದೆ. ಅನೇಕ ದೇಶಗಳಲ್ಲಿ ಇದು ಕಾನೂನಿಗೂ ವಿರುದ್ಧ.

ಹೆಪ್ಪುಗಟ್ಟಿದಾಗ ಅನುಸರಿಸಬೇಕಾದ ಕ್ರಮ

ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದರೆ, ಅಥವಾ ಆಯಿಲ್ ಚೆಲ್ಲುವುದು ಕಂಡರೆ, ಸುರಕ್ಷಿತ ಸ್ಥಳದಲ್ಲಿ ಕಾರನ್ನು ನಿಲ್ಲಿಸಿ ಎಂಜಿನ್ನನ್ನು ತಕ್ಷಣ ಆರಿಸಬೇಕು. ಕಾರನ್ನು ಬೆಚ್ಚನೆಯ ಗ್ಯಾರೇಜಿಗೆ ಎಳೆಸಿ, ಮಂಜು ತಾನಾಗಿ ಕರಗಲು ಬಿಡುವುದು ಸೂಕ್ತ. ಕುದಿಯುವ ನೀರು ಸುರಿದರೆ ಪ್ಲಾಸ್ಟಿಕ್ ಭಾಗಗಳು ಬಿರಿಯಬಹುದು. ಬಳಿಕ ಕೊಳವೆಗಳಲ್ಲಿನ ನೀರನ್ನು ತೆಗೆದು, ಆಯಿಲ್ ಮಟ್ಟವನ್ನೂ ಸೀಲುಗಳನ್ನೂ ಪರೀಕ್ಷಿಸಿದ ನಂತರವೇ ಎಂಜಿನ್ನನ್ನು ಮತ್ತೆ ಚಾಲೂ ಮಾಡಬೇಕು.

ಭಾರತದಲ್ಲಿ

ಲಡಾಖ್ ಮತ್ತು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಂತಹ ಎತ್ತರದ ಪ್ರದೇಶಗಳ ಚಳಿಗಾಲದಲ್ಲಿ ಈ ಮುನ್ನೆಚ್ಚರಿಕೆಗಳು ಅನ್ವಯಿಸುತ್ತವೆ. ಕರ್ನಾಟಕದ ಹವೆಯಲ್ಲಿ ಕೊಳವೆಗಳು ಹೆಪ್ಪುಗಟ್ಟುವ ಸಂಭವವಿಲ್ಲ. ಆದರೆ ಮಳೆಗಾಲದ ತಂಪಿನಲ್ಲಿ ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಬಿಳಿಯ ಜಿಡ್ಡು ಕಾಣಿಸಿಕೊಳ್ಳಬಹುದು. ಆಗಾಗ ದೂರದ ಓಟ ಮತ್ತು ಸಕಾಲದ ಆಯಿಲ್ ಬದಲಾವಣೆ ಇಲ್ಲಿಯೂ ಪರಿಹಾರ.