ಡಾಲ್ಫಿನ್ ಕಾರಿನ ಅರ್ಧ ಪುಟ

ಆಫೀಸಿನಲ್ಲಿ ಯಾರಾದರೂ 'ನಿನ್ನ ಹವ್ಯಾಸ ಏನು' ಅಂತ ಕೇಳಿದರೆ 'ಸ್ಪೋರ್ಟ್ಸ್ ಕಾರಿನ ಹಳೇ ಬ್ರೋಶರ್ ಸೇರಿಸೋದು' ಅನ್ನುತ್ತೇನೆ. ಅಲ್ಲಿವರೆಗೆ ಎಲ್ಲ ಚೆನ್ನಾಗಿರ್ತದೆ. ಫೆರಾರಿಯಾ, ಪೋರ್ಷೆಯಾ ಅಂತ ಕಣ್ಣರಳಿಸುತ್ತಾರೆ. 'ಅಲ್ಲ, ಸಿಪಾನಿ ಡಾಲ್ಫಿನ್' ಅಂದ ಕೂಡಲೇ ಮುಖ ಸಪ್ಪೆ. ಫೋನ್ ತೆಗೆದು ಹುಡುಕಿ, ಎರಡು ಬಾಗಿಲಿನ ಆ ಪುಟಾಣಿ ಡಬ್ಬಿಯನ್ನು ನೋಡಿ, 'ಇದು ಸ್ಪೋರ್ಟ್ಸ್ ಕಾರಾ?' ಅಂತ ನಗುತ್ತಾರೆ.

ನಗಲಿ, ಬೇಜಾರಿಲ್ಲ. ಆದರೆ ಲೆಕ್ಕ ಒಂದು ಹೇಳ್ತೇನೆ ಕೇಳಿ. ಡಾಲ್ಫಿನ್‌ಗೆ ಇದ್ದದ್ದು 848 ಸಿಸಿಯ ಅಲ್ಯುಮಿನಿಯಂ ಎಂಜಿನ್, ಶಕ್ತಿ 40 ಅಶ್ವಬಲದ ಆಸುಪಾಸು. ಆಗಿನ ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ ಕೊಡುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಅಂಬಾಸಿಡರ್ ಒಂದು ಟನ್ನಿಗಿಂತ ಹೆಚ್ಚು ತೂಗುತ್ತಿದ್ದ ಕಾಲದಲ್ಲಿ ಇದರ ತೂಕ ಅದರ ಅರ್ಧದ ಹತ್ತಿರ, ಯಾಕೆಂದರೆ ಮೈಯೆಲ್ಲ ಫೈಬರ್ ಗ್ಲಾಸ್. ಹಗುರ ಮೈ, ಹಿಂದಿನ ಚಕ್ರಗಳಿಗೆ ಶಕ್ತಿ. ಎಂಬತ್ತರ ದಶಕದ ರ‍್ಯಾಲಿ ಹುಡುಗರಿಗೆ ಇದು ಅಚ್ಚುಮೆಚ್ಚು ಆದದ್ದು ಅದಕ್ಕೇ. ಲೈಸೆನ್ಸ್ ರಾಜ್‌ನ ಭಾರತದಲ್ಲಿ ಸ್ಪೋರ್ಟ್ಸ್ ಕಾರು ಅಂತ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಇದ್ದದ್ದರಲ್ಲಿ ಯಾವುದು ಓಡ್ತದೋ ಅದೇ ಸ್ಪೋರ್ಟ್ಸ್ ಕಾರು.

ಇದು ನಮ್ಮ ಬೆಂಗಳೂರಿನ ಕಾರು ಅನ್ನೋದು ಬೆಂಗಳೂರಿನ ಎಷ್ಟೋ ಜನಕ್ಕೇ ಗೊತ್ತಿಲ್ಲ. ಎಪ್ಪತ್ತರ ದಶಕದಲ್ಲಿ ಅಲ್ಲಿ ಸನ್‌ರೈಸ್ ಎಂಬ ಕಂಪನಿ 'ಬಾದಲ್' ಅಂತ ಮೂರು ಚಕ್ರದ ಕಾರು ಮಾಡುತ್ತಿತ್ತು. ಅದೇ ಮುಂದೆ ಸಿಪಾನಿ ಆಟೊಮೊಬೈಲ್ಸ್ ಆಗಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಡಾಲ್ಫಿನ್ ತಂದಿತು. ವಿನ್ಯಾಸ ಮಾತ್ರ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯದ್ದು. ಅವರು 1975ರಿಂದ 1982ರವರೆಗೆ ಮಾಡಿದ 'ಕಿಟನ್' ಕಾರೇ ಇಲ್ಲಿ ಡಾಲ್ಫಿನ್ ಆಯಿತು. ಬೆಕ್ಕಿನ ಮರಿ ಸಮುದ್ರ ದಾಟುವಾಗ ಮೀನಾಯಿತು ಅಂತ ನಾನು ತಮಾಷೆ ಮಾಡುವುದುಂಟು. ಡಾಲ್ಫಿನ್ ಮೀನಲ್ಲ ಅಂತ ಅಮ್ಮ ತಿದ್ದುತ್ತಾರೆ.

ಫೈಬರ್ ಗ್ಲಾಸ್ ಯಾಕೆ? ಉಕ್ಕಿನ ತಗಡನ್ನು ಕಾರಿನ ಆಕಾರಕ್ಕೆ ಒತ್ತಬೇಕಾದರೆ ದೈತ್ಯ ಪ್ರೆಸ್ಸುಗಳು ಬೇಕು, ಒಂದೊಂದು ಭಾಗಕ್ಕೂ ದುಬಾರಿ ಅಚ್ಚು ಬೇಕು. ಲಕ್ಷಗಟ್ಟಲೆ ಕಾರು ಮಾರಿದರೆ ಮಾತ್ರ ಆ ಖರ್ಚು ಹುಟ್ಟುತ್ತದೆ. ಫೈಬರ್‌ಗೆ ಒಂದು ಅಚ್ಚು, ಗಾಜಿನ ನಾರು, ರಾಳ, ಕೆಲಸ ಬಲ್ಲ ಕೈಗಳು ಇದ್ದರೆ ಸಾಕು. ಸಣ್ಣ ಕಂಪನಿಗಳಿಗೆ, ಕಾರು ಉದ್ಯಮ ಇಲ್ಲದ ದೇಶಗಳಿಗೆ ಇದೇ ದಾರಿ. ರಿಲಯಂಟ್‌ನವರು ಇದನ್ನೇ ಕಸುಬು ಮಾಡಿಕೊಂಡಿದ್ದರು. ಅರವತ್ತರ ದಶಕದಲ್ಲಿ ಇಸ್ರೇಲಿಗೆ ಸಾಬ್ರಾ, 1966ರಲ್ಲಿ ಟರ್ಕಿಗೆ ಅನಾಡೋಲ್, ಆಮೇಲೆ ನಮಗೆ ಡಾಲ್ಫಿನ್. ಇಸ್ರೇಲಿನಲ್ಲಿ ಫೈಬರ್ ಕಾರನ್ನು ಒಂಟೆ ತಿಂದಿತಂತೆ, ಟರ್ಕಿಯಲ್ಲಿ ಅನಾಡೋಲ್ ಅನ್ನು ಎತ್ತು ತಿಂದಿತಂತೆ ಅಂತ ಜನ ಕತೆ ಕಟ್ಟಿ ನಗುತ್ತಿದ್ದರು. ನಮ್ಮಲ್ಲಿ ದನ ತಿಂದ ಕತೆ ಹುಟ್ಟಲಿಲ್ಲ. 'ಪ್ಲಾಸ್ಟಿಕ್ ಕಾರು' ಅನ್ನುವ ಒಂದೇ ಮಾತು ಸಾಕಾಯಿತು.

ಮಂಗಳೂರಿನವನಾದ ನನಗೆ ಇದು ಅನ್ಯಾಯ ಅನ್ನಿಸುತ್ತದೆ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಳಿದ ದಿನ ಸಮುದ್ರದ ಉಪ್ಪುಗಾಳಿ. ಇಲ್ಲಿ ಕಾರಿನ ಬಾಗಿಲ ಅಡಿಭಾಗಕ್ಕೆ ತುಕ್ಕು ಹಿಡಿಯೋದು ಕೂದಲು ನರೆತ ಹಾಗೆ, ತಡೆಯೋಕಾಗಲ್ಲ. ತುಕ್ಕೇ ಹಿಡಿಯದ ಮೈಯ ಕಾರು ಬಂದಾಗ ಕರಾವಳಿ ಅದನ್ನು ಅಪ್ಪಿಕೊಳ್ಳಬೇಕಿತ್ತು. ಹಾಗಾಗಲಿಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. 796 ಸಿಸಿ, ಒಳಗೆ ಜಪಾನಿನ ತಂತ್ರಜ್ಞಾನ. ಎರಡು ಬಾಗಿಲಿನ ಡಾಲ್ಫಿನ್‌ಗೆ ಉಸಿರಾಡಲು ಸಿಕ್ಕಿದ್ದು ಸ್ವಲ್ಪ ಸಮಯ ಮಾತ್ರ. ಬಾಗಿಲು ಹೆಚ್ಚಿಸಿ 'ಮೊಂಟಾನಾ' ಅಂತ ತಂದರೂ ಗಾಳಿ ಆಗಲೇ ಬದಲಾಗಿತ್ತು.

ಹಳೇ ಅಂಬಾಸಿಡರ್ ಸತ್ತರೆ ಗುಜರಿಯವನು ತೂಕ ಹಾಕಿ ದುಡ್ಡು ಕೊಡುತ್ತಾನೆ, ಕಬ್ಬಿಣ ಕರಗಿ ಇನ್ನೊಂದು ಜನ್ಮ ಪಡೆಯುತ್ತದೆ. ಫೈಬರ್ ಗ್ಲಾಸಿನ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗೋದಿಲ್ಲ, ಗುಜರಿಯವನಿಗೆ ಅದು ಬೇಡ. ಕೆಳಗಿನ ಉಕ್ಕಿನ ಚಾಸಿಸ್ ಮಾತ್ರ ನಮ್ಮ ಮಳೆಗೆ ಬೇರೆಲ್ಲ ಉಕ್ಕಿನ ಹಾಗೇ ತುಕ್ಕು ಹಿಡಿಯುತ್ತದೆ. ಎಂಜಿನ್, ಚಾಸಿಸ್ ಬಿಚ್ಚಿಕೊಂಡು ಹೋದ ಮೇಲೆ ಉಳಿಯೋದು ಯಾರಿಗೂ ಬೇಡದ ಖಾಲಿ ಚಿಪ್ಪು.

ಹಾಗಾಗಿ ನಾನು ಕಾಗದದ ಹಿಂದೆ ಬಿದ್ದೆ. ಒಳ್ಳೊಳ್ಳೆಯ ಹಳೇ ಕಾರುಗಳಿಗೆ ಮನೆ ಇದೆ, ಧರ್ಮಸ್ಥಳದ ಕಾರ್ ಮ್ಯೂಸಿಯಂ ನೋಡಿದವರಿಗೆ ಅದು ಗೊತ್ತು. ಆದರೆ ಆ ಕಾಲದಲ್ಲಿ ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದವರ ಕೈಯಲ್ಲಿ ಇದ್ದದ್ದು ಬ್ರೋಶರ್ ಒಂದೇ. ಕಾರಿಗಿಂತ ಮೊದಲು ಮನೆಗೆ ಬರುತ್ತಿದ್ದದ್ದು ಅದೇ, ಎಷ್ಟೋ ಮನೆಗಳಿಗೆ ಬಂದದ್ದೂ ಅಷ್ಟೇ.

ಈ ಹುಚ್ಚಿಗೆ ಅದರದ್ದೇ ವಿದ್ಯೆಗಳಿವೆ. ಬ್ರೋಶರ್ ಅಸಲಿಯೋ ನಕಲಿಯೋ ತಿಳಿಯಲು ಭೂತಗನ್ನಡಿ ಸಾಕು: ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕಿಗಳು ಸಣ್ಣ ಹೂವಿನ ಸಾಲಿನಂತೆ ಕ್ರಮವಾಗಿರುತ್ತವೆ, ಮನೆಯ ಇಂಕ್‌ಜೆಟ್‌ನಲ್ಲಿ ಶಾಯಿ ಚಿಮುಕಿಸಿದ ಹಾಗಿರುತ್ತದೆ. ಸ್ಟೇಪಲ್ ಪಿನ್ ಮೊದಲು ತೆಗೆಯಬೇಕು, ನಮ್ಮೂರಲ್ಲಿ ಅದು ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ಲ್ಯಾಮಿನೇಶನ್ ಮಾತ್ರ ದಯವಿಟ್ಟು ಬೇಡ, ಅಂಟು ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ಗೋಡೆಗೆ ತಾಗಿಸಿ ಇಟ್ಟರೆ ಒರಲೆಗೆ ಔತಣ ಕೊಟ್ಟ ಹಾಗೆ.

ಇಷ್ಟೆಲ್ಲ ಗೊತ್ತಿದ್ದವನೇ ಆ ತಪ್ಪು ಮಾಡಿದ್ದು.

ನಮ್ಮ ಮನೆ ಇರೋದು ವಾಮಂಜೂರಿನಲ್ಲಿ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ, ಪಿಲಿಕುಳಕ್ಕೆ ತಿರುಗುವವರು ಹಾದುಹೋಗುವ ಜಾಗ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ರಸ್ತೆ ನಾಲ್ಕು ಪಥ ಆಗುವಾಗ ಬದಿಯ ಹಳೇ ಕಟ್ಟಡಗಳು ಒಂದೊಂದೇ ಖಾಲಿಯಾದವು. ಅದರಲ್ಲಿ ಪೊರ್ಬುಗಳ ಗ್ಯಾರೇಜೂ ಒಂದು. ಕ್ರಿಶ್ಚಿಯನ್ ಹಿರಿಯರನ್ನು ನಮ್ಮ ಕಡೆ ಹಾಗೇ ಕರೆಯೋದು. ಅವರಿಗೆ ಎಂಬತ್ತು ದಾಟಿತ್ತು. ಶೆಡ್ ಖಾಲಿ ಮಾಡುವ ದಿನ ನಾನು ಸುಮ್ಮನೆ ಇಣುಕಿದೆ. ಮೂಲೆಯ ಗೋಣಿಯಲ್ಲಿ ಕಾಗದದ ಕಟ್ಟು. ಮೇಲೇ ಡಾಲ್ಫಿನ್ ಬ್ರೋಶರ್, ಅದರ ಕೆಳಗೆ ಓನರ್ಸ್ ಮ್ಯಾನುವಲ್.

'ಇದು ಎಂತಕ್ಕೆ ಮಾರಾಯ್ರೆ ನಿಮಗೆ?' ಅಂದರು. (ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.) 'ಅಂಗಡಿಯವ ಸಹ ಕಟ್ಟಲಿಕ್ಕೆ ತಗೊಳ್ಳುದಿಲ್ಲ, ಆಯಿಲ್ ಹಿಡಿದಿದೆ.'

ಎದೆ ಹೊಡೆದುಕೊಳ್ಳುತ್ತಿತ್ತು. 'ಸುಮ್ಮನೆ ಪೊರ್ಬುಗಳೇ, ಹಳೇ ಚಿತ್ರ ನೋಡಲಿಕ್ಕೆ' ಅಂದೆ. ಇನ್ನೂರು ರೂಪಾಯಿ ಕೊಟ್ಟೆ. ಅವರಿಗೆ ಅದೇ ಜಾಸ್ತಿ ಅನ್ನಿಸಿತು. ಅದರ ಬೆಲೆ ಏನು ಅಂತ ನಾನು ಹೇಳಲಿಲ್ಲ.

ಬೆಂಗಳೂರಿನ ಒಬ್ಬ ಸಂಗ್ರಾಹಕರಿಗೆ ಫೋಟೊ ಕಳಿಸಿದೆ. ಬ್ರೋಶರ್, ಮ್ಯಾನುವಲ್ ಎರಡೂ ಸೇರಿ ಎಂಟು ಸಾವಿರ ಅಂದರು. ಒಂದೇ ತಕರಾರು: ಮ್ಯಾನುವಲ್‌ನ ಕೊನೆಯ ಖಾಲಿ ಪುಟಗಳ ತುಂಬ ಪೆನ್ಸಿಲ್ ಗೀಚು. ಬರಹ ಇದ್ದರೆ ಬೆಲೆ ಅರ್ಧ. 'ಪೆನ್ಸಿಲ್ ತಾನೇ, ಮೆಲ್ಲಗೆ ಉಜ್ಜಿ ನೋಡಿ' ಅಂದರು.

ನಾನು ಓದಲು ನೋಡಿದೆ. ಲಿಪಿ ಕನ್ನಡ, ಭಾಷೆ ಕೊಂಕಣಿ. ಮಂಗಳೂರಿನ ಕ್ರಿಶ್ಚಿಯನ್ನರು ಕೊಂಕಣಿಯನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಅಂಕಿಗಳು ಬಿಟ್ಟರೆ ನನಗೆ ತಿಳಿದದ್ದು ಕಡಿಮೆ. ಗ್ಯಾರೇಜಿನ ಲೆಕ್ಕ ಇರಬೇಕು ಅಂದುಕೊಂಡು ಒಳ್ಳೇ ರಬ್ಬರ್ ತಂದು ಉಜ್ಜಲು ಕೂತೆ. ಅರ್ಧ ಪುಟ ಆಗುವಾಗ ಕೈ ನೋವು ಬಂತು, ನಾಳೆ ಮಾಡಿದರಾಯಿತು ಅಂತ ಇಟ್ಟೆ. ಆ ಕೈ ನೋವಿಗೆ ಇವತ್ತಿಗೂ ಋಣಿ.

ಮರುದಿನ ಆಫೀಸಿನಲ್ಲಿ ಕೊಂಕಣಿ ಮನೆಮಾತಿನ ಗೆಳತಿಗೆ ಉಳಿದ ಪುಟ ತೋರಿಸಿದೆ. ಊಟದ ಡಬ್ಬಿ ಸರಿಸಿ ಅವಳು ಓದಿದಳು. ಅದು ಲೆಕ್ಕ ಹೌದು, ಆದರೆ ದುಡ್ಡಿನದ್ದಲ್ಲ. 'ಆಗುಂಬೆ, ಏಳನೇ ತಿರುವು, ಉದಕ್ ಎರಡು ಬಾಟ್ಲಿ.' ಉದಕ್ ಅಂದರೆ ನೀರು. 'ಶಿರಾಡಿ, ಬಿಸಿ ಇಲ್ಲ, ರಾತ್ರಿ.' 'ಹೋಸ್ ಬೇರೆ ಕಾರಿಂದು, ಒಂದು ಇಂಚು ಕಡಿದದ್ದು, ಕೂತಿದೆ.' ಇಂಗ್ಲೆಂಡಿನ ತಂಪಿಗೆ ಹುಟ್ಟಿದ ಅಲ್ಯುಮಿನಿಯಂ ಎಂಜಿನ್ ನಮ್ಮ ಘಟ್ಟ ಹತ್ತುವಾಗ ಎಲ್ಲೆಲ್ಲಿ ಕುದಿಯಿತು, ಎಷ್ಟು ನೀರು ಕುಡಿಯಿತು, ಏನು ಮಾಡಿದರೆ ಸುಧಾರಿಸಿತು ಅನ್ನೋದರ ಪಟ್ಟಿ ಅದು. ಯಾವ ಬ್ರೋಶರೂ ಇದನ್ನು ಹೇಳೋದಿಲ್ಲ. ಬ್ರೋಶರ್ ಹೇಳೋದು ಕಾರು ಏನಾಗಬೇಕಿತ್ತು ಅಂತ. ಪೆನ್ಸಿಲ್ ಹೇಳುತ್ತಿದ್ದದ್ದು ಅದು ಏನಾಯಿತು ಅಂತ. ಬೆಲೆ ಇದ್ದದ್ದು ಮೊದಲನೆಯದಕ್ಕೆ, ಅದಕ್ಕಾಗಿ ನಾನು ಎರಡನೆಯದನ್ನು ಉಜ್ಜಿ ಊದಿಬಿಟ್ಟಿದ್ದೆ.

ಆ ಭಾನುವಾರ ಪೊರ್ಬುಗಳನ್ನು ಹುಡುಕಿಕೊಂಡು ಅವರ ಮಗಳ ಮನೆಗೆ ಹೋದೆ. ಎಲ್ಲ ಹೇಳಿದೆ, ಎಂಟು ಸಾವಿರವನ್ನೂ ಸೇರಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕರು. 'ನೀರು ಹಾಕಿದ್ದನ್ನು ಬರೆದದ್ದು ಮಾರಾಯ್ರೆ, ಬೈಬಲ್ ಅಲ್ಲ.'

ಆದರೆ ಕನ್ನಡಕ ತರಿಸಿದರು. ಉಳಿದ ಪುಟವನ್ನು ಬೆರಳಿಟ್ಟು ಓದುತ್ತಾ ಹೋದರು. ಪೇಟೆಯ ನಾಲ್ಕು ಹುಡುಗರು ಡಾಲ್ಫಿನ್ ತಗೊಂಡು ರ‍್ಯಾಲಿಗೆ ತಯಾರಾಗುತ್ತಿದ್ದರಂತೆ. ಹಿಂದಿನ ಸೀಟು ಬಿಚ್ಚಿ ಗ್ಯಾರೇಜಿನಲ್ಲೇ ಬಿಟ್ಟು ಹೋಗುತ್ತಿದ್ದರಂತೆ. ಹಿಂದಿನಿಂದ ಜೀಪಿನಲ್ಲಿ ನೀರಿನ ಕ್ಯಾನ್, ಸ್ಪ್ಯಾನರ್ ಹಿಡಿದು ಇವರು. 'ಆ ಸೀಟಿನಲ್ಲಿ ಕೂತೇ ನಮ್ಮ ಹುಡುಗರು ಮಧ್ಯಾಹ್ನ ಊಟ ಮಾಡುದು' ಅಂದರು. ಅಳಿಸಿದ ಜಾಗ ಬಂದಾಗ ಬೆರಳು ನಿಂತಿತು. 'ಇದು ಚಾರ್ಮಾಡಿಯದ್ದಿರಬೇಕು. ಅಲ್ಲಿ ಏನೋ ದೊಡ್ಡದು ಆಗಿತ್ತು. ಎಂತ ಅಂತ ಈಗ ನೆನಪಿಲ್ಲ.'

ನಾನು ದುಡ್ಡು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಬ್ರೋಶರಿನ ಒಂದು ಕಲರ್ ಜೆರಾಕ್ಸ್ ಮಾತ್ರ ಕೇಳಿದರು. ಅದು ಈಗ ಅವರ ಕೋಣೆಯ ಗೋಡೆಯಲ್ಲಿ ಕ್ಯಾಲೆಂಡರ್ ಪಕ್ಕ ಉಂಟು, ಲ್ಯಾಮಿನೇಟ್ ಮಾಡಿಸಿದ್ದಾರೆ. ನಾನು ಏನೂ ಹೇಳಲಿಲ್ಲ.

ಮಾರಾಟ ನಾನು ಮಾಡಲಿಲ್ಲ. ಮ್ಯಾನುವಲನ್ನು ಕತ್ತಲೆ ಕೋಣೆಯಲ್ಲಿಟ್ಟು, ಫೋನಿನ ಟಾರ್ಚನ್ನು ಪುಟಕ್ಕೆ ಸಮನಾಗಿ ಅಡ್ಡ ಹಿಡಿದರೆ ಪೆನ್ಸಿಲ್ ಒತ್ತಿದ ಗುರುತು ನೆರಳಾಗಿ ಏಳುತ್ತದೆ. ಹಳೇ ಕಾಗದ ಪರೀಕ್ಷೆ ಮಾಡುವವರ ಉಪಾಯ ಇದು. ಹಾಗೆ ನನಗೆ ಸಿಕ್ಕಿದ್ದು 'ಚಾರ್ಮಾಡಿ' ಅನ್ನುವ ಪದ, ಅದರ ಮುಂದೆ ಒಂದು 4. ನಾಲ್ಕು ಬಾಟ್ಲಿಯೋ, ನಾಲ್ಕು ಗಂಟೆಯೋ, ನಾಲ್ಕು ಹುಡುಗರೋ ತಿಳಿಯಲಿಲ್ಲ.

ಸಂಗ್ರಹದ ಪ್ರತಿ ವಸ್ತುವಿನ ಜೊತೆ ಒಂದು ಚೀಟಿ ಇಡುವುದು ನನ್ನ ಕ್ರಮ: ಎಲ್ಲಿ ಸಿಕ್ಕಿತು, ಯಾರಿಂದ, ಯಾವಾಗ. ಈ ಮ್ಯಾನುವಲ್‌ನ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೇನೆ. 'ಕೊನೆಯ ಪುಟದ ಮೇಲರ್ಧದಲ್ಲಿ ಬರಹ ಇತ್ತು. ಅಳಿಸಿದವನು ನಾನು.'